ಹಳೆಯ ಪಂಕ್ ಸಿಂಗಲ್‌ಗಳನ್ನು ರೇಡಿಯೊದಲ್ಲಿ ನೇರವಾಗಿ ನುಡಿಸಬಹುದೇ?

ಬೆಟ್ಟದತುದಿ, ಶಿರಸಿ:

ನನ್ನ ಸೋದರಮಾವ ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದರು. 1977ರಿಂದ ಸುಮಾರು ಹತ್ತು ವರ್ಷ, ಹಡಗು ಬ್ರಿಟನ್ನಿನ ಬಂದರುಗಳಲ್ಲಿ ನಿಂತಾಗಲೆಲ್ಲ ಅವರು ಕೊಂಡು ತಂದ ಏಳು ಅಂಗುಲದ ಪಂಕ್ (ಒರಟಾದ, ಬಿರುಸಿನ ರಾಕ್) ಮತ್ತು ಇಂಡೀ (ಸಣ್ಣ ಸ್ವತಂತ್ರ ಸಂಸ್ಥೆಗಳ) ರೆಕಾರ್ಡುಗಳು, ಹೆಚ್ಚಿನವು ಬದಿಗೊಂದೇ ಹಾಡಿನ ಸಿಂಗಲ್‌ಗಳು, ಎಣಿಸಿದರೆ 140ರಷ್ಟು, ಎರಡು ಕಬ್ಬಿಣದ ಟ್ರಂಕುಗಳಲ್ಲಿ ಈಗ ನಮ್ಮ ಮನೆಯ ಅಟ್ಟಕ್ಕೆ ಬಂದು ಕೂತಿವೆ. ‘ನಾಲ್ಕು ಜನಕ್ಕೆ ಕೇಳಿಸುವುದಾದರೆ ಒಯ್ಯಿ, ಕಪಾಟಿನಲ್ಲಿ ಇಡುವುದಾದರೆ ಬೇಡ’ ಎಂದು ಹೇಳಿ ಮಾವ ಕೊಟ್ಟುಬಿಟ್ಟರು.

ಇದೇ ಹೊತ್ತಿಗೆ ಕರಾವಳಿಯ ಒಂದು ಸಣ್ಣ ಸಮುದಾಯ ಬಾನುಲಿಯವರು ಶನಿವಾರ ರಾತ್ರಿಯ ಒಂದು ಗಂಟೆಯನ್ನು ನನಗೆ ವಹಿಸಿದ್ದಾರೆ. ಅಲ್ಲಿ ಬೆಲ್ಟಿನಿಂದ ತಿರುಗುವ ಹಳೆಯ ಟರ್ನ್‌ಟೇಬಲ್ ಒಂದಿದೆ. ಮೊದಲ ಪ್ರಯೋಗದಲ್ಲಿಯೇ ನನಗೆ ಮುಖಭಂಗವಾಯಿತು: ಗುಂಡಿ ಒತ್ತಿದೊಡನೆ ಹಾಡು ನಿದ್ದೆಯಿಂದ ಎದ್ದವರಂತೆ ‘ವೊಂಯ್’ ಎಂದು ಎಳೆದುಕೊಂಡು ಆರಂಭವಾಯಿತು, ಎರಡನೆಯ ರೆಕಾರ್ಡನ್ನು ತಪ್ಪು ವೇಗದಲ್ಲಿ ನುಡಿಸಿ ಅರ್ಧ ಹಾಡು ಮುಗಿಯುವವರೆಗೂ ಅದು ನನಗೆ ತಿಳಿಯಲೇ ಇಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಅಲ್ಲಿಂದಲೇ ನುಡಿಸುವುದು ಮೇಲು ಎಂದು ಅಲ್ಲಿಯವರು ಹೇಳುತ್ತಿದ್ದಾರೆ. ರೆಕಾರ್ಡನ್ನೇ ನುಡಿಸಿದರೆ ಅದು ಬೇಗ ಹಾಳಾಗುತ್ತದೆಯೇ? ಈ ಸಂಗ್ರಹವನ್ನು ಬೆಳೆಸುವುದಾದರೆ ಯಾವುದನ್ನು ನೋಡಿ ಕೊಳ್ಳಬೇಕು? ಕೆಲವು ಲೇಬಲ್‌ಗಳ ಮೇಲೆ ಆಗಲೇ ಬಿಳಿ ಬೂಷ್ಟು ಕಾಣಿಸಿಕೊಂಡಿದೆ, ಅದಕ್ಕೇನು ಮಾಡಲಿ? ಇಂಗ್ಲಿಷ್ ಹಾಡುಗಳ ನಡುವೆ ಕನ್ನಡದಲ್ಲಿ ಏನು ಮಾತಾಡಬೇಕೆಂಬುದೂ ನನಗೆ ಇನ್ನೂ ಹೊಳೆದಿಲ್ಲ.

ಕಾಳಿಹೊಳೆ, ಕಾರವಾರ:

ಬಾನುಲಿಯಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು ನಾನು. ಯಂತ್ರದ ಮಾತಿನಿಂದ ಆರಂಭಿಸುತ್ತೇನೆ.

ಹಿಂದಿ ಅಥವಾ ಕನ್ನಡ ಚಿತ್ರಗೀತೆಗೆ ಮುನ್ನುಡಿಯಂತೆ ಹತ್ತಿಪ್ಪತ್ತು ಸೆಕೆಂಡಿನ ವಾದ್ಯಸಂಗೀತ ಇರುವುದರಿಂದ ಉದ್ಘೋಷಕನ ಮಾತು ಅದರ ಮೇಲೆ ಹರಿದರೂ ನಡೆಯುತ್ತದೆ, ಮೊದಲ ಸ್ವರ ತುಸು ಅಲುಗಿದರೂ ಯಾರೂ ಗಮನಿಸುವುದಿಲ್ಲ. ಪಂಕ್ ಹಾಡಿನಲ್ಲಿ ಆ ಅವಕಾಶವೇ ಇಲ್ಲ. ಮೊದಲ ಪೆಟ್ಟಿಗೇ ಡ್ರಮ್ಮು, ಗಿಟಾರು, ಗಂಟಲು ಮೂರೂ ಒಟ್ಟಿಗೆ ಬೀಳುವ ಹಾಡುಗಳೇ ಹೆಚ್ಚು, ಎರಡೂವರೆ ನಿಮಿಷದಲ್ಲಿ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದ ಆರಂಭ ಕೆಟ್ಟರೆ ಹಾಡೇ ಕೆಟ್ಟಂತೆ.

ಸೂಜಿಯನ್ನು ಮೊದಲ ಸ್ವರದ ಮೇಲೆ ನಿಲ್ಲಿಸಿ, ರೆಕಾರ್ಡನ್ನು ಕೈಯಿಂದ ಹಿಂದಕ್ಕೆ ತಿರುಗಿಸಿಟ್ಟು, ಹೊತ್ತು ಬಂದಾಗ ಮೋಟರು ಚಾಲೂ ಮಾಡುವುದು ಹಳೆಯ ಕ್ರಮ. ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ ಒಂದೂ ಮೂರನೆಯ ಒಂದು ಸೆಕೆಂಡು ಬೇಕು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ರೀತಿಯ, ಮೋಟರು ನೇರವಾಗಿ ತಟ್ಟೆಯನ್ನೇ ತಿರುಗಿಸುವ ಯಂತ್ರಗಳು ಒಂದು ಸೆಕೆಂಡಿನೊಳಗೆ ವೇಗ ಹಿಡಿಯುತ್ತವೆ. ಅವುಗಳಲ್ಲಿ ಅರ್ಧ ಸುತ್ತು ಹಿಂದಿಟ್ಟರೆ ಸಾಕು. ಬೆಲ್ಟಿನ ಯಂತ್ರ ಅಷ್ಟು ಚುರುಕಲ್ಲ, ನಿಮಗೆ ಕೇಳಿಸಿದ ‘ವೊಂಯ್’ ಅದರದೇ ಆಕಳಿಕೆ. ಅದಕ್ಕೆ ಇರುವ ಉಪಾಯವೆಂದರೆ ಮೋಟರನ್ನು ನಿಲ್ಲಿಸದಿರುವುದು. ತಟ್ಟೆಯ ಮೇಲೆ ರಬ್ಬರು ಹಾಸಿನ ಬದಲು ನುಣುಪಾದ ಫೆಲ್ಟ್ ಬಟ್ಟೆಯ ಹಾಸು ಹಾಕಿ. ಕೆಳಗೆ ತಟ್ಟೆ ತಿರುಗುತ್ತಿರಲಿ, ಮೇಲೆ ರೆಕಾರ್ಡನ್ನು ಅಂಚಿನಲ್ಲಿ ಒಂದೇ ಬೆರಳಿನಿಂದ ತಡೆದು ಹಿಡಿಯಿರಿ, ನಿಮ್ಮ ವಾಕ್ಯದ ಕೊನೆಯ ಅಕ್ಷರ ಬಾಯಿಂದ ಹೊರಬಿದ್ದ ಕ್ಷಣದಲ್ಲಿ ಬೆರಳು ಎತ್ತಿಬಿಡಿ. ಗಾಳದ ದಾರ ಬಿಡುವವರಿಗೆ ಈ ಬೆರಳಿನ ಹದ ಬೇಗ ಸಿಗುತ್ತದೆ. ಒಂದು ವಾರ ಬೆಲೆಯಿಲ್ಲದ ರೆಕಾರ್ಡಿನ ಮೇಲೆ ಅಭ್ಯಾಸ ಮಾಡಿ.

ಹಾಳಾಗುವುದೆಂಬ ಭಯ ಸುಳ್ಳಲ್ಲ, ಆದರೆ ಅದು ನೀವು ಅಂದುಕೊಂಡ ಕಡೆ ಇಲ್ಲ. ಹಾಡು ನುಡಿಯುವಾಗ ಆಗುವ ಸವೆತ ಅಲ್ಪ. ಆರಂಭವನ್ನು ಹುಡುಕುತ್ತ ಸೂಜಿಯನ್ನು ಹಿಂದೆ ಮುಂದೆ ಉಜ್ಜುತ್ತೇವಲ್ಲ, ಸೂಜಿ ಹರಿಯುವ ಮೊದಲ ಗೀರು ಸವೆದು ಕರಕಲಾಗುವುದು ಅದರಿಂದ. ರೇಡಿಯೊ ನಿಲಯಗಳಿಂದ ಹೊರಬಿದ್ದ ರೆಕಾರ್ಡುಗಳಲ್ಲಿ ಮೊದಲ ಎರಡು ಸೆಕೆಂಡು ‘ಸುಯ್’ ಎನ್ನುವುದನ್ನು ಕೇಳಿದರೆ ಅದರ ಪೂರ್ವಾಶ್ರಮ ತಿಳಿಯುತ್ತದೆ. ಮೊನೆ ದುಂಡಗಿರುವ ಸೂಜಿಯನ್ನು ಬಳಸಿ, ಅದಕ್ಕೆ ತಯಾರಕರು ಹೇಳಿದ ಭಾರವನ್ನೇ ಇಡಿ, ಆರಂಭವನ್ನು ಒಂದೇ ಸಲಕ್ಕೆ ಹುಡುಕಿ. ಅಮೆರಿಕದ ಹಳೆಯ ಸಿಂಗಲ್‌ಗಳು ಕೆಲವು ವಿನೈಲ್ ಅಲ್ಲ, ಸ್ಟೈರೀನ್. ಅವು ಹಗುರ, ಬೆರಳಿನಿಂದ ತಟ್ಟಿದರೆ ಗಟ್ಟಿ ಪ್ಲಾಸ್ಟಿಕ್ಕಿನ ಸದ್ದು ಬರುತ್ತದೆ. ಅವನ್ನು ಮಾತ್ರ ಹಿಂದೆ ಮುಂದೆ ತಿರುಗಿಸಲೇಬೇಡಿ.

ವೇಗದ ವಿಷಯದಲ್ಲಿ ನಾಚಿಕೆ ಬೇಡ. ಏಳಂಗುಲದ ಇಪಿಗಳಲ್ಲಿ (ಸಿಂಗಲ್ಲಿಗಿಂತ ಒಂದೆರಡು ಹಾಡು ಹೆಚ್ಚಿರುವ ರೆಕಾರ್ಡುಗಳಲ್ಲಿ) 33ರವೂ ಇವೆ, ಸಣ್ಣ ಸಂಸ್ಥೆಗಳು ಎಷ್ಟೋ ಸಲ ಲೇಬಲ್ಲಿನ ಮೇಲೆ ವೇಗವನ್ನು ಅಚ್ಚು ಹಾಕಿಸುವುದನ್ನೇ ಮರೆಯುತ್ತಿದ್ದವು. ಬಿಬಿಸಿ ರೇಡಿಯೊ 1ರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಇಂತಹ ಹಾಡುಗಳನ್ನು ಕೇಳಿಸಿದ ಜಾನ್ ಪೀಲ್ ತಪ್ಪು ವೇಗಕ್ಕೇ ಹೆಸರಾಗಿದ್ದವರು. ಅವರ ಸಂಗ್ರಹದಲ್ಲಿ ಸುಮಾರು 26 ಸಾವಿರ ಎಲ್‌ಪಿಗಳೂ 40 ಸಾವಿರ ಸಿಂಗಲ್‌ಗಳೂ ಇದ್ದವು. ಬಿಬಿಸಿಯ ವಿಶ್ವಸೇವೆಯಲ್ಲಿಯೂ ಅವರ ಕಾರ್ಯಕ್ರಮ ಬರುತ್ತಿತ್ತು. ಇಲ್ಲಿ ಬೈತಖೋಲದ ಗುಡ್ಡದ ಬದಿಯಲ್ಲಿ ಶಾರ್ಟ್‌ವೇವ್ ಹಿಡಿದು ಕೂತರೆ ಹಾಡು ತೆರೆಯಂತೆ ಬಂದು ಹೋಗಿ ಮಾಡುತ್ತಿದ್ದುದರಿಂದ, ವೇಗ ತಪ್ಪಿದ್ದು ಅವರಿಂದಲೋ ಅಲೆಯಿಂದಲೋ ಎಂದು ನನಗೆ ತಿಳಿಯುತ್ತಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು: ರೆಕಾರ್ಡನ್ನೇ ನುಡಿಸಿ.

ಅಘನಾಶಿನಿ, ಕುಮಟಾ:

ಮೇಲಿನವರ ತಂತ್ರಜ್ಞಾನಕ್ಕೆ ತಲೆಬಾಗುತ್ತೇನೆ, ತೀರ್ಮಾನಕ್ಕೆ ಅಲ್ಲ. ಎರಡನೆಯ ಪ್ರತಿ ಸಿಗುವ ರೆಕಾರ್ಡನ್ನು ಧಾರಾಳವಾಗಿ ನುಡಿಸಿ. ಮತ್ತೆಂದೂ ಸಿಗದ ರೆಕಾರ್ಡನ್ನು ಒಮ್ಮೆ ತೊಳೆದು, ಒಳ್ಳೆಯ ಸೂಜಿಯಲ್ಲಿ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಪ್ರಸಾರಕ್ಕೆ ಆ ನಕಲನ್ನು ಬಳಸಿ. ಕೇಳುಗನಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಯಾವುದು ಯಾವ ಬಗೆಯದೆಂದು ತಿಳಿಯಲು ಹೊದಿಕೆಯನ್ನೂ, ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ನುಣುಪು ಪಟ್ಟಿಯನ್ನೂ ಓದಲು ಕಲಿಯಬೇಕು. ಬಝ್‌ಕಾಕ್ಸ್ ತಂಡದ ‘ಸ್ಪೈರಲ್ ಸ್ಕ್ರಾಚ್’ ಇಪಿ ನಿಮ್ಮಲ್ಲಿ ಇರಬಹುದು. ಗೆಳೆಯರಿಂದ, ಮನೆಯವರಿಂದ ಸುಮಾರು 500 ಪೌಂಡು ಸಾಲ ಮಾಡಿ, ತಮ್ಮದೇ ನ್ಯೂ ಹಾರ್ಮೋನ್ಸ್ ಸಂಸ್ಥೆಯ ಹೆಸರಿನಲ್ಲಿ 1977ರ ಜನವರಿಯಲ್ಲಿ ಅವರು ಅದನ್ನು ಹೊರತಂದರು. ಮೊದಲು ಅಚ್ಚಾದದ್ದು ಸಾವಿರ ಪ್ರತಿ. ಹೊದಿಕೆಯ ಮೇಲೆ ‘ವಿತ್ ಹೋವರ್ಡ್ ಡಿವೋಟೊ’ ಎಂಬ ಮಾತು ಇದ್ದರೆ ಅದು 1979ರ ಮರುಮುದ್ರಣ, ಏಕೆಂದರೆ ಅಷ್ಟರಲ್ಲಿ ಆ ಗಾಯಕ ತಂಡ ಬಿಟ್ಟು ಹೆಸರು ಮಾಡಿದ್ದ. ಇನ್ನು ನುಣುಪು ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಚ್ಚಿನ ಸಂಖ್ಯೆಯ ಪಕ್ಕದಲ್ಲಿ ಕೈಯಿಂದ ಕೆತ್ತಿದ ಅಕ್ಷರಗಳು ಕಾಣುತ್ತವೆ. ‘ಪೋರ್ಕಿ’ ಎಂದಿದ್ದರೆ ಆ ಅಚ್ಚನ್ನು ಕೊರೆದವನು ಜಾರ್ಜ್ ಪೆಕಮ್. ಸದ್ದು ತುಂಬಿ ಬರುತ್ತದೆಂದು ಸಂಗ್ರಹಕಾರರು ಹುಡುಕುವ ಸಹಿ ಅದು.

ಇಂಡೀ ಎಂದರೆ ಒಂದು ರಾಗವಲ್ಲ, ಒಂದು ವ್ಯಾಪಾರದ ಕ್ರಮ ಎಂಬುದನ್ನು ನೆನಪಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ 1980ರ ಜನವರಿಯಲ್ಲಿ ಇಂಡೀ ರೆಕಾರ್ಡುಗಳ ಮಾರಾಟದ ಪಟ್ಟಿ ಆರಂಭವಾದಾಗ ಅಳತೆಗೋಲು ಇದ್ದದ್ದು ರೆಕಾರ್ಡು ದೊಡ್ಡ ಕಂಪನಿಗಳ ವಿತರಣೆಯಿಂದ ಹೊರಗೆ ಅಂಗಡಿ ತಲುಪಿತೇ ಎಂಬುದು ಮಾತ್ರ. ಗಿಟಾರು ಜಿಂಗುಟ್ಟುವ ಮೆದು ಹಾಡೂ ಅದರಲ್ಲಿ ಸೇರಿತು, ಕಿರಿಚಾಟವೂ ಸೇರಿತು. ಹಾಗಾಗಿ ಕೊಳ್ಳುವಾಗ ಹಾಡುಗಾರನಿಗಿಂತ ಸಂಸ್ಥೆಯನ್ನು ಹಿಂಬಾಲಿಸುವುದು ಒಂದು ಒಳ್ಳೆಯ ದಾರಿ. ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ 1987ರಲ್ಲಿ ಹುಟ್ಟಿ, ನೂರನೆಯ ಸಂಖ್ಯೆ ಮುಟ್ಟಿದ ಮೇಲೆ 1995ರಲ್ಲಿ ತಾನಾಗಿಯೇ ಬಾಗಿಲು ಹಾಕಿತು. ಅಂತಹ ಸಂಸ್ಥೆಯ ಹತ್ತು ರೆಕಾರ್ಡು ಕೈಯಲ್ಲಿದ್ದರೆ ಒಂದು ಗಂಟೆಯ ಕಾರ್ಯಕ್ರಮ ತಾನೇ ರೂಪುಗೊಳ್ಳುತ್ತದೆ. ಬೆಲೆ ಏರಿದ ಮೇಲೆ ಮಾರೋಣವೆಂದು ಕೊಳ್ಳುವವರ ಜೊತೆ ಮಾತ್ರ ಸ್ಪರ್ಧೆಗೆ ಇಳಿಯಬೇಡಿ, ಅವರ ಕಿವಿ ಬೇರೆ.

ಅಟ್ಟದಮನೆ, ಸಿದ್ದಾಪುರ:

ಬೂಷ್ಟಿನ ಬಗ್ಗೆ ಮಾತ್ರ. ಟ್ರಂಕು ಇಂದೇ ಬಿಡಿ. ಆರಿದ್ರೆ ಮಳೆಯಲ್ಲಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯ ಒಳಗೋಡೆ ಬೆವರುತ್ತದೆ. ರೆಕಾರ್ಡುಗಳನ್ನು ಒತ್ತದಂತೆ, ಓರೆಯಾಗದಂತೆ, ನಿಲ್ಲಿಸಿ ಇಡಿ; ಗೋಡೆಗೆ ತಾಗದ ಮರದ ಕಪಾಟು ಸಾಕು. ಅಡಿಕೆ ಒಣಗಿಸುವ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಗೆ ಒಯ್ಯಬೇಡಿ, ನಾನು ಒಯ್ದು ಹನ್ನೊಂದು ರೆಕಾರ್ಡುಗಳನ್ನು ಹಪ್ಪಳ ಮಾಡಿಕೊಂಡಿದ್ದೇನೆ. ಕಾಗದದ ಒಳಚೀಲಗಳಲ್ಲಿ ಬೂಷ್ಟಿನ ಬೀಜ ಉಳಿಯುವುದರಿಂದ ಅವನ್ನು ಎಸೆದು ಪಾಲಿಥೀನಿನ ಒಳಚೀಲ ಹಾಕಿ. ಅಚ್ಚಿರುವ ಹೊರ ಹೊದಿಕೆಯನ್ನು ಬಿಸಿಲಿಗೆ ಒಡ್ಡದೆ ಗಾಳಿಯಲ್ಲಿ ಆರಿಸಿ. ಬಟ್ಟಿ ಇಳಿಸಿದ ನೀರಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ, ಲೇಬಲ್ಲಿಗೆ ತಾಗದಂತೆ, ಗೀರಿನ ದಿಕ್ಕಿನಲ್ಲಿಯೇ ಒರೆಸಿ. ಮನೆಯಲ್ಲಿ ಅಜ್ಜನ ಕಾಲದ 78ರ ತಟ್ಟೆಗಳಿದ್ದರೆ ಅವಕ್ಕೆ ಈ ದ್ರವ ಸೋಕಿಸಬೇಡಿ, ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ.

ಹಾರವಾಡ, ಅಂಕೋಲಾ:

ಮಾತಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕೆಲವು ವರ್ಷ ನಿರೂಪಕಿಯಾಗಿದ್ದೆ. ‘ಬಂಡಾಯದ ಸಂಗೀತ’ ಎಂದು ಹಾಡಿಗೊಮ್ಮೆ ಹೇಳುವುದರಿಂದ ಕೇಳುಗನಿಗೆ ಏನೂ ಸಿಗುವುದಿಲ್ಲ; ಸಾಹಿತ್ಯವನ್ನು ಅನುವಾದಿಸಲು ಹೊರಟರೆ ಅನುವಾದ ಹಾಡಿಗಿಂತ ಉದ್ದವಾಗುತ್ತದೆ. ರೆಕಾರ್ಡನ್ನು ಕೈಯಲ್ಲಿ ಹಿಡಿದು ಕಂಡದ್ದನ್ನು ಹೇಳಿ. ಸ್ಕ್ರಿಟ್ಟಿ ಪೊಲಿಟ್ಟಿ ತಂಡದವರು 1978ರ ತಮ್ಮ ಮೊದಲ ಸಿಂಗಲ್ಲಿನ ಹೊದಿಕೆಯ ಮೇಲೆ ಧ್ವನಿಮುದ್ರಣಕ್ಕೆ ಎಷ್ಟು, ಅಚ್ಚಿಗೆ ಎಷ್ಟು, ಲೇಬಲ್ಲಿಗೆ ಎಷ್ಟು ಎಂದು ಖರ್ಚಿನ ಲೆಕ್ಕವನ್ನೇ ಅಚ್ಚು ಹಾಕಿಸಿದ್ದರು. ಅಡಿಕೆ ವಖಾರಿಯ ಪಟ್ಟಿ ಓದಿ ಬೆಳೆದ ನಮ್ಮ ಜನಕ್ಕೆ ಇದನ್ನು ವಿವರಿಸಬೇಕೇ? ಅಂಡರ್‌ಟೋನ್ಸ್ ತಂಡದ ‘ಟೀನೇಜ್ ಕಿಕ್ಸ್’ 1978ರಲ್ಲಿ ಮೊದಲು ಬಂದದ್ದು ಬೆಲ್‌ಫಾಸ್ಟಿನ ಒಂದು ಸಣ್ಣ ಸಂಸ್ಥೆಯಿಂದ, ಮಡಚಿದ ಭಿತ್ತಿಪತ್ರವೇ ಅದರ ಹೊದಿಕೆ. ಜಾನ್ ಪೀಲ್ ಅದನ್ನು ಬೆನ್ನುಬೆನ್ನಿಗೆ ಎರಡು ಸಲ ನುಡಿಸಿದರು. ಇಷ್ಟು ಹೇಳಿ ಹಾಡಿಗೆ ದಾರಿ ಬಿಡಿ.

ಎರಡು ಎಚ್ಚರಿಕೆ ಇದೆ. ಸಮುದಾಯ ಬಾನುಲಿಗೂ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಅನ್ವಯಿಸುತ್ತದೆ, ಆದ್ದರಿಂದ ಬೈಗುಳವಿರುವ ಹಾಡುಗಳನ್ನು ಮೊದಲೇ ಪೂರ್ತಿ ಕೇಳಿ ಬೇರೆ ಇಡಿ. ಪಂಕ್ ಪೆಟ್ಟಿಗೆಯಲ್ಲಿ ಅವು ಕಡಿಮೆ ಇರುವುದಿಲ್ಲ. ರೆಕಾರ್ಡು ನಿಮ್ಮದಾದ ಮಾತ್ರಕ್ಕೆ ಪ್ರಸಾರದ ಹಕ್ಕು ನಿಮ್ಮದಲ್ಲ ಎಂಬುದು ಇನ್ನೊಂದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಡಿ ಕಲಮು ರೇಡಿಯೊ ಪ್ರಸಾರಕ್ಕೆ ಶಾಸನಬದ್ಧ ಪರವಾನಗಿಯ (ನಿಗದಿತ ಶುಲ್ಕ ಕೊಟ್ಟು ನುಡಿಸುವ) ದಾರಿ ತೆರೆದಿದೆ, ಆದರೆ ಅದು ಇಂಟರ್ನೆಟ್ ಪ್ರಸಾರಕ್ಕೆ ಸಲ್ಲುವುದಿಲ್ಲವೆಂದು ಬಾಂಬೆ ಹೈಕೋರ್ಟು 2019ರಲ್ಲಿ ಹೇಳಿತು. ನಿಲಯದವರು ನಿಮ್ಮ ಕಾರ್ಯಕ್ರಮವನ್ನು ಜಾಲತಾಣಕ್ಕೂ ಏರಿಸುವವರಾದರೆ ಮೊದಲು ಆ ಹಕ್ಕನ್ನು ಕೇಳಿಕೊಳ್ಳಲಿ. ಈಗಲೂ ನಡೆಯುತ್ತಿರುವ ಸಣ್ಣ ಸಂಸ್ಥೆಗಳಿಗೆ ನೇರವಾಗಿ ಪತ್ರ ಬರೆದು ನೋಡಿ.

ಬೆಟ್ಟದತುದಿ, ಶಿರಸಿ:

ಎಲ್ಲರಿಗೂ ಕೃತಜ್ಞತೆಗಳು. ಟ್ರಂಕು ಖಾಲಿಯಾಗಿದೆ. ‘ಸ್ಪೈರಲ್ ಸ್ಕ್ರಾಚ್’ ನಮ್ಮಲ್ಲಿದೆ, ಡಿವೋಟೊ ಹೆಸರು ಹೊದಿಕೆಯ ಮೇಲಿದೆ, ಅಂದರೆ 1979ರದು. ಮಾವನಿಗೆ ಹೇಳಿದರೆ ‘ಹಾಡು ಅದೇ ತಾನೇ’ ಎಂದರು. ಮರುಮುದ್ರಣವಾದ್ದರಿಂದ ಕುಮಟಾದವರ ನಿಯಮದಂತೆ ಧೈರ್ಯವಾಗಿ ಶನಿವಾರ ಅದನ್ನೇ ನುಡಿಸಿದೆ. ಇಳಕಲ್ ಸೀರೆಯ ರೇಷ್ಮೆ ಸೆರಗಿನ ತುಂಡೊಂದನ್ನು ಫೆಲ್ಟಿನ ಬದಲು ಹಾಸಿದ್ದೆ, ಬೆರಳೆತ್ತಿದ ಕೂಡಲೇ ಹಾಡು ತುಂಡರಿಸಿದಂತೆ ಸರಿಯಾಗಿ ಹಿಡಿಯಿತು. ಮೊದಲ ವಾರದ ಅವಮಾನ ಅಲ್ಲಿಗೆ ತೀರಿತು ಎಂದುಕೊಂಡೆ.

ಆದರೆ ಎರಡನೆಯ ಬದಿಯ ‘ಬೋರ್ಡಮ್’ ಹಾಡಿನಲ್ಲಿ ಗಿಟಾರಿನ ಏಕವಾದನ ಬರುತ್ತದೆ, ಅದರಲ್ಲಿ ಇರುವುದು ಎರಡೇ ಸ್ವರ. ಬೇಕೆಂದೇ ಅವೆರಡನ್ನೇ ಮತ್ತೆ ಮತ್ತೆ ಬಾರಿಸುತ್ತಾರೆ. ಅದು ಮುಗಿಯುವುದರೊಳಗೆ ನಿಲಯದ ಫೋನು ಬಡಿದುಕೊಂಡಿತು. ಮಾಜಾಳಿ ಕಡೆಯ ಹಿರಿಯರೊಬ್ಬರು ಬಹಳ ಕಾಳಜಿಯಿಂದ, ‘ತಮ್ಮಾ, ಪ್ಲೇಟು ಸಿಕ್ಕಿಕೊಂಡಿದೆ, ಸೂಜಿ ಸ್ವಲ್ಪ ಮುಂದೆ ತಳ್ಳು’ ಎಂದರು. ಮುಂದಿನ ಸಲ ಹಾಡಿಗೆ ಮೊದಲೇ ಈ ಎರಡು ಸ್ವರಗಳ ವಿಷಯ ಹೇಳಿಬಿಡುತ್ತೇನೆಂದು ಮಾವನಿಗೆ ಹೇಳಿದೆ. ಹೇಳಬೇಡ ಎಂದರು.