10 ಸೆಕೆಂಡ್ ಸರಣಿಯಲ್ಲಿ ಬೋಲ್ಟ್ ಮುಚ್ಚುತ್ತದೆ, ಚೇಂಬರ್ ಖಾಲಿ: ಮ್ಯಾಗಜೀನ್ ಬದಲಿಸಿದರೂ ಅದೇ ತೊಂದರೆ

ಹತ್ತರವೃತ್ತ
ತಲೆ ಕೆಟ್ಟುಹೋಗಿದೆ. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯ 10 ಸೆಕೆಂಡ್ ಸರಣಿಯಲ್ಲಿ (ಅಷ್ಟು ಹೊತ್ತಿನಲ್ಲಿ ಐದು ಗುಂಡು ಹಾರಿಸಬೇಕು) ಎರಡನೆಯದೋ ಮೂರನೆಯದೋ ಗುಂಡು ಹಾರಿದ ಮೇಲೆ ಟ್ರಿಗರ್ ಒತ್ತಿದರೆ ಟಕ್ ಎಂಬ ಸದ್ದು ಮಾತ್ರ ಬರುತ್ತದೆ. ಹಿಂದೆ ಮುಂದೆ ಓಡಿ ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ಪೂರ್ತಿ ಮುಚ್ಚಿರುತ್ತದೆ, ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯ ಗೂಡಿನಲ್ಲಿ, ಗುಂಡು ಇರುವುದಿಲ್ಲ. ಮ್ಯಾಗಜೀನ್ ಹೊರತೆಗೆದರೆ ಉಳಿದ ಗುಂಡುಗಳು ಅದರಲ್ಲೇ ಕುಳಿತಿರುತ್ತವೆ. 150 ಸೆಕೆಂಡ್ ಸರಣಿಯಲ್ಲಿ ಈ ತೊಂದರೆ ಬರುವುದೇ ಇಲ್ಲ. ಮ್ಯಾಗಜೀನ್ ಬಿಚ್ಚಿ ಒರೆಸಿದೆ, ಸ್ಪ್ರಿಂಗ್ ಬದಲಿಸಿದೆ, ಕೊನೆಗೆ ಹೊಸ ಮ್ಯಾಗಜೀನನ್ನೇ ಕೊಂಡೆ. ಏನೂ ಬದಲಾಗಲಿಲ್ಲ. ಸ್ಪರ್ಧೆ ಹತ್ತಿರ ಬಂದಿದೆ. ದಯವಿಟ್ಟು "ಸ್ವಚ್ಛಗೊಳಿಸಿ" ಎಂದು ಯಾರೂ ಬರೆಯಬೇಡಿ, ಅದು ಆಗಿದೆ.

ಮದ್ದಿನಪುಡಿ
ಮದ್ದುಗುಂಡಿನದ್ದೇ ಸಮಸ್ಯೆ. ಓದಿದ ಕೂಡಲೇ ಗೊತ್ತಾಯಿತು. ಈ ಸ್ಪರ್ಧೆಯ .22 ಎಲ್‌ಆರ್ (ಲಾಂಗ್ ರೈಫಲ್) ಸ್ಟ್ಯಾಂಡರ್ಡ್ ವೇಗದ ಗುಂಡುಗಳು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತವೆ. ಒಂದು ಲಾಟ್ (ಒಟ್ಟಿಗೆ ತಯಾರಾದ ಕಂತು) ಸ್ವಲ್ಪ ಮಂದವಾದರೂ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಮುಂದಿನ ಗುಂಡಿನ ರಿಮ್ (ಹಿಂತುದಿಯ ಚಾಚಿದ ಅಂಚು) ಅದಕ್ಕೆ ಸಿಗುವುದಿಲ್ಲ. ಬೇರೆ ಲಾಟ್ ತೆಗೆದುಕೊಳ್ಳಿ.

ಲೋಹಕರ್ಮಿ
ಯಾವ ಪಿಸ್ತೂಲು? ಮ್ಯಾಗಜೀನ್ ಟ್ರಿಗರ್‌ನ ಮುಂದಿದೆಯೋ ಹಿಡಿಯೊಳಗಿದೆಯೋ? ಹಳೆಯ ಮತ್ತು ಹೊಸ ಮ್ಯಾಗಜೀನ್ ಎರಡರಲ್ಲೂ ಒಂದೇ ರೀತಿ ಆಗುತ್ತದೆಯೇ? ಚೇಂಬರ್‌ಗೆ ಹೋಗದೆ ಉಳಿದ ಮೇಲಿನ ಗುಂಡಿನ ಹಿತ್ತಾಳೆ ಕವಚದ ಮೇಲೆ ಉದ್ದಕ್ಕೆ ಗೀರು ಬಿದ್ದಿದೆಯೇ? ಮೂತಿ ರ್ಯಾಂಪಿಗೆ (ಚೇಂಬರ್‌ಗೆ ಏರುವ ಇಳಿಜಾರಿಗೆ) ಬಡಿದು ಸೀಸ ಜಜ್ಜಿದ್ದರೆ ಅದು ಒಂದು ರೋಗ. ಗೀರು ಮಾತ್ರ ಇದ್ದು ಬೋಲ್ಟ್ ಅದರ ಮೇಲೆ ಜಾರಿ ಹೋಗಿದ್ದರೆ ಅದು ಬೇರೆಯದೇ ರೋಗ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಇನ್ನೆರಡು ವಾರ ಹೀಗೇ ಕಳೆಯುತ್ತವೆ.

ಹತ್ತರವೃತ್ತ
ಹಿಡಿಯೊಳಗೆ ಹೋಗುವ 5 ಗುಂಡಿನ ಮ್ಯಾಗಜೀನ್, ಅದನ್ನು ಹಿಡಿದಿಡುವ ಕೊಕ್ಕೆ ಹಿಡಿಯ ಬುಡದಲ್ಲಿ ಇರುವ ಮಾದರಿ. ಎರಡರಲ್ಲೂ ಆಗುತ್ತದೆ, ಹಳೆಯದರಲ್ಲಿ ಸ್ವಲ್ಪ ಹೆಚ್ಚು. ಗೀರು ಇದೆ, ಮೂತಿ ಸರಿಯಾಗಿದೆ. ಗುಂಡು ನಾನು ಸದಾ ಬಳಸುವ ಅದೇ ಗುಂಡು. ಏನನ್ನೂ ಬದಲಿಸಿಲ್ಲ.

ಮದ್ದಿನಪುಡಿ
ಅದೇ ಗುಂಡು ಎಂದರೆ ಅದೇ ಹೆಸರು, ಅದೇ ಲಾಟ್ ಅಲ್ಲ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ನೋಡಿ. ಗುಂಡಿನ ಮೇಣವೂ ಮುಖ್ಯ. ಚಳಿಯಲ್ಲಿ ಮೇಣ ಗಟ್ಟಿಯಾಗಿ ಒಂದು ಗುಂಡು ಇನ್ನೊಂದಕ್ಕೆ ಅಂಟುತ್ತದೆ, ಸ್ಪ್ರಿಂಗ್ ಎಷ್ಟೇ ಹೊಸದಾದರೂ ಗುಂಡು ಮೇಲೇರುವುದಕ್ಕೆ ತಡವಾಗುತ್ತದೆ. 10 ಸೆಕೆಂಡ್ ಸರಣಿಯಲ್ಲಿ ಮಾತ್ರ ಆಗುವುದಕ್ಕೂ ಇದೇ ಕಾರಣ, ಏರುವುದಕ್ಕೆ ಸಮಯ ಸಿಗುವುದಿಲ್ಲ.

ಲೋಹಕರ್ಮಿ
ಈ ಕೊನೆಯ ಮಾತನ್ನು ಒಪ್ಪುವುದಿಲ್ಲ. ಬೋಲ್ಟ್ ಹಿಂದೆ ಹೋಗಿ ಮುಂದೆ ಬರುವುದು ಗುಂಡು ಹಾರಿದ ಕ್ಷಣದಲ್ಲೇ ಮುಗಿದುಹೋಗುತ್ತದೆ. ಮುಂದಿನ ಟ್ರಿಗರ್ ಒಂದು ಸೆಕೆಂಡಿಗೆ ಒತ್ತಿದರೂ ಅರ್ಧ ನಿಮಿಷಕ್ಕೆ ಒತ್ತಿದರೂ ಗುಂಡು ಮೇಲೇರಲು ಸಿಗುವ ಸಮಯ ಒಂದೇ. 150 ಸೆಕೆಂಡಿನ ಸರಣಿ ಗುಂಡಿಗೆ ಹೆಚ್ಚು ಸಮಯ ಕೊಡುವುದಿಲ್ಲ, ಶೂಟರ್‌ಗೆ ಕೊಡುತ್ತದೆ. ಹಾಗಾಗಿ ವ್ಯತ್ಯಾಸವನ್ನು ಶೂಟರ್ ಏನು ಮಾಡುತ್ತಾರೆ ಎಂಬುದರಲ್ಲಿ ಹುಡುಕಬೇಕು.

ಬೋಲ್ಟ್ ಸಾಕಷ್ಟು ಹಿಂದೆ ಹೋಗುತ್ತಿದೆಯೇ ಎಂದು ತಿಳಿಯುವುದು ಸುಲಭ. ಮ್ಯಾಗಜೀನಿನಲ್ಲಿ ಒಂದೇ ಗುಂಡು ತುಂಬಿ ಹಾರಿಸಿ. ಬೋಲ್ಟ್ ಪ್ರತಿ ಸಲವೂ ತೆರೆದು ನಿಂತರೆ ಅದರ ಓಟಕ್ಕೆ ಕೊರತೆಯಿಲ್ಲ. ಖಾಲಿ ಹಿತ್ತಾಳೆ ಎಲ್ಲಿ ಬೀಳುತ್ತದೆ ಎಂಬುದನ್ನೂ ಗಮನಿಸಿ.

ಸರಾಗ
ಮ್ಯಾಗಜೀನ್ ಒಳಗೆ ಒಂದು ಹನಿ ಎಣ್ಣೆ ಬಿಡಿ. ನನ್ನದು ಹಾಗೆಯೇ ಸರಿಹೋಯಿತು.

ಉಕ್ಕಿನಸುರುಳಿ
ಬೇಡವೇ ಬೇಡ. ರಿಮ್‌ಫೈರ್ (ರಿಮ್‌ಗೆ ಬಡಿದು ಹಾರಿಸುವ, .22ರಂಥ) ಗುಂಡಿನ ಮ್ಯಾಗಜೀನ್ ಒಣಗಿರಬೇಕು. ಎಣ್ಣೆಗೆ ಉರಿಯದ ಮದ್ದಿನ ಪುಡಿ ಮತ್ತು ಮೇಣ ಸೇರಿದರೆ ಫಾಲೋಯರ್ (ಗುಂಡುಗಳನ್ನು ಮೇಲಕ್ಕೆ ಒತ್ತುವ ತುಂಡು) ಪಕ್ಕದಲ್ಲಿ ಅಂಟಾಗುತ್ತದೆ.

ಸರಾಗ
ನಾನು ಒಂದು ಹನಿ ಎಂದೆ, ಬಾಟಲಿ ಎಂದಿಲ್ಲ. ಹಾಕಿ ಬಟ್ಟೆಯಿಂದ ಒರೆಸಿದರೆ ತೆಳ್ಳನೆಯ ಪದರ ಉಳಿಯುತ್ತದೆ. ತುಕ್ಕು ಹಿಡಿಯದಿರಲು ಅದು ಬೇಕು.

ಉಕ್ಕಿನಸುರುಳಿ
ತುಕ್ಕಿನ ಮಾತು ಬೇರೆ, ಗುಂಡು ಏರುವ ಮಾತು ಬೇರೆ. ಒರೆಸಿ ತೆಗೆಯುವುದಾದರೆ ಹಾಕುವುದೇಕೆ ಎಂಬುದು ನನ್ನ ಪ್ರಶ್ನೆ.

ಹಳೆಯಹಸ್ತ
ಈ ತೊಂದರೆ ನನಗೆ ಎಂದೂ ಬಂದಿಲ್ಲ. ನನ್ನ ಹ್ಯಾಮರ್ಲಿ 208ರ ಮ್ಯಾಗಜೀನುಗಳ ತಳದಲ್ಲಿ ಸಂಖ್ಯೆ ಕೆತ್ತಿಸಿದ್ದೇನೆ. ಯಾವ ಮ್ಯಾಗಜೀನ್ ಯಾವ ದಿನ ಏನು ಮಾಡಿತು ಎಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಜೊತೆಗೆ ರ್ಯಾಪಿಡ್ ಫೈರ್ ಸ್ಪರ್ಧೆಗೆ ಬಳಸುತ್ತಿದ್ದ .22 ಶಾರ್ಟ್ (ಗಿಡ್ಡ ಗುಂಡಿನ) ಪಿಸ್ತೂಲನ್ನೂ ಉಳಿಸಿಕೊಂಡಿದ್ದೇನೆ. 2005ರ ನಿಯಮ ಬಂದು ಅದು ಸ್ಪರ್ಧೆಗೆ ಸಲ್ಲದಾಯಿತು. ಕೈಯಲ್ಲಿ ಹಿಡಿದರೆ ಹಿಮ್ಮೆಟ್ಟು ಇದೆಯೆಂದೇ ಅನಿಸುವುದಿಲ್ಲ. ಅಂಥ ಪಿಸ್ತೂಲು ಮತ್ತೆ ಬರುವುದಿಲ್ಲ.

ಮುಂದಿನತೂಕ
ಸರ್, ಅದರ ಚಿತ್ರ ಹಾಕಿ. ನನ್ನ ವಾಲ್ಥರ್ ಜಿಎಸ್‌ಪಿಯಲ್ಲಿ ಮ್ಯಾಗಜೀನ್ ಟ್ರಿಗರ್‌ನ ಮುಂದಿದೆ. ಗುಂಡು ಹೆಚ್ಚು ಕಡಿಮೆ ನೇರವಾಗಿಯೇ ಚೇಂಬರ್ ಸೇರುತ್ತದೆ, ತೂಕವೂ ಮುಂದಕ್ಕೆ ಬರುತ್ತದೆ. ಹಿಡಿಯೊಳಗೆ ಮ್ಯಾಗಜೀನ್ ಇಡುವುದೇ ಹಳೆಯ ವಿನ್ಯಾಸ.

ಹಳೆಯಹಸ್ತ
ಹಳೆಯದು ಎಂದರೆ ಕೆಟ್ಟದ್ದಲ್ಲ. 208 ಇಂದಿಗೂ ನಿಖರತೆಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ.

ನಿರ್ವಾಹಕ
ಪಿಸ್ತೂಲುಗಳ ಹೋಲಿಕೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇನ್ನೊಂದು ಮಾತು: ಮನೆಯಲ್ಲಿ ಪರೀಕ್ಷಿಸುವವರು ಡಮ್ಮಿ (ಮದ್ದಿಲ್ಲದ) ಗುಂಡುಗಳನ್ನು ಮಾತ್ರ ಬಳಸಿ. ನಿಜವಾದ ಗುಂಡು ರೇಂಜಿನ ಫೈರಿಂಗ್ ಲೈನಿನಲ್ಲಿ, ನಳಿಕೆ ಗುರಿಯ ಕಡೆಗೆ ಇದ್ದಾಗ ಮಾತ್ರ.

ಹತ್ತರವೃತ್ತ
ಒಂದೊಂದೇ ಗುಂಡು ತುಂಬಿ ಹಾರಿಸಿದೆ. ಪ್ರತಿ ಸಲವೂ ಬೋಲ್ಟ್ ತೆರೆದು ನಿಂತಿತು. ಹಿತ್ತಾಳೆ ಎಂದಿನಂತೆ ಬಲಕ್ಕೆ, ಎಂದಿನಷ್ಟೇ ದೂರಕ್ಕೆ ಬೀಳುತ್ತಿದೆ. ಲಾಟ್ ಕೂಡ ಹಿಂದಿನದೇ.

ಮದ್ದಿನಪುಡಿ
ಒಂದೇ ಗುಂಡಿನ ಪರೀಕ್ಷೆಯಲ್ಲಿ ಕೆಳಗಿನಿಂದ ಒತ್ತುವ ಗುಂಡುಗಳ ಘರ್ಷಣೆ ಇರುವುದಿಲ್ಲ, ಬೋಲ್ಟ್ ಹಗುರವಾಗಿ ಓಡುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ನಾನು ಹೇಳಿದಂತೆ ಬೇರೆ ಗುಂಡು ಬಳಸಿ ನೋಡಿ, ಆಮೇಲೆ ಮಾತಾಡೋಣ.

ಉಕ್ಕಿನಸುರುಳಿ
ಘರ್ಷಣೆಯ ಮಾತು ನಿಜ. ಆದರೆ ಅದು ತುಂಬಿದ ಮ್ಯಾಗಜೀನಿನಲ್ಲಿ, ಅಂದರೆ ಮೊದಲ ಗುಂಡಿನ ಹೊತ್ತಿಗೆ ಹೆಚ್ಚಿರಬೇಕು. ಇವರಿಗೆ ತೊಂದರೆ ಬರುತ್ತಿರುವುದು ಸರಣಿಯ ನಡುವೆ.

ಎಡಗೈ
ಒಂದು ಪ್ರಶ್ನೆ. 150 ಸೆಕೆಂಡ್ ಸರಣಿಯಲ್ಲಿ ಎರಡು ಗುಂಡುಗಳ ನಡುವೆ ಕೈ ಇಳಿಸಿ ಪಿಸ್ತೂಲಿನ ಬುಡವನ್ನು ಮೇಜಿನ ಮೇಲೆ ಊರುತ್ತೀರಾ?

ಹತ್ತರವೃತ್ತ
ಹೌದು, ಎಲ್ಲರೂ ಹಾಗೆಯೇ ಮಾಡುತ್ತಾರೆ.

ಎಡಗೈ
ಊರಿದಾಗ ಮ್ಯಾಗಜೀನಿನ ತಳ ಮೇಜಿಗೆ ತಾಗಿ ಮೇಲಕ್ಕೆ ಒತ್ತಲ್ಪಡುತ್ತದೆ. 10 ಸೆಕೆಂಡಿನಲ್ಲಿ ಕೈ ಮೇಲೆಯೇ ಇರುತ್ತದೆ, ಆ ಒತ್ತು ಸಿಗುವುದಿಲ್ಲ. ನಿಮ್ಮ ಮ್ಯಾಗಜೀನ್ ಕೆಳಗೆ ಕುಳಿತಿದೆ ಎಂಬುದು ನನ್ನ ಅನುಮಾನ. ಹೊಸ ಮ್ಯಾಗಜೀನಿನಲ್ಲೂ ಅದೇ ಆಗುತ್ತಿದೆ ಎಂದರೆ ದೋಷ ಅದನ್ನು ಹಿಡಿದಿಡುವ ಕಡೆ ಇರಬೇಕು. ಕೊಕ್ಕೆ ಸವೆದಿದೆಯೇ? ಹಿಡಿ ಬದಲಿಸಿದ್ದೀರಾ?

ಹತ್ತರವೃತ್ತ
ಕೊಕ್ಕೆ ಚೆನ್ನಾಗಿದೆ. ಹಿಡಿ ಹೊಸದು, ಕೈಯ ಅಳತೆಗೆ ಮಾಡಿಸಿದ ವಾಲ್‌ನಟ್ ಮರದ್ದು. ಬಹಳ ಚೆನ್ನಾಗಿ ಕೂರುತ್ತದೆ, ಅಂಕಗಳೂ ಏರಿವೆ. ಗುಂಡು ಚೇಂಬರ್ ಸೇರುವುದಕ್ಕೂ ಹಿಡಿಗೂ ಏನು ಸಂಬಂಧ?

ಲೋಹಕರ್ಮಿ
ಸಂಬಂಧ ಪೂರ್ತಿ ಇದೆ, ಈ ಪ್ರಶ್ನೆಯನ್ನು ಎಡಗೈ ಅವರು ಕೇಳಿದ್ದು ಒಳ್ಳೆಯದಾಯಿತು.

.22 ಎಲ್‌ಆರ್ ಗುಂಡಿನ ದೇಹದ ವ್ಯಾಸ ಸುಮಾರು 5.7 ಮಿಲಿಮೀಟರ್, ರಿಮ್‌ನ ವ್ಯಾಸ ಸುಮಾರು 7. ಅಂದರೆ ರಿಮ್ ದೇಹಕ್ಕಿಂತ ಎಲ್ಲ ಬದಿಯಲ್ಲೂ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಚಾಚಿರುತ್ತದೆ. ಮುಂದಕ್ಕೆ ಬರುವ ಬೋಲ್ಟ್‌ನ ಕೆಳ ಅಂಚು ಮೇಲಿನ ಗುಂಡಿನ ಹಿಂಬದಿಯಲ್ಲಿ ಹಿಡಿಯುವುದು ಸಣ್ಣದೊಂದು ಪಟ್ಟಿಯನ್ನು ಮಾತ್ರ. ಮ್ಯಾಗಜೀನ್ ಇರಬೇಕಾದ ಎತ್ತರಕ್ಕಿಂತ ಅಷ್ಟೇ ಅಷ್ಟು ಕೆಳಗಿದ್ದರೂ ಬೋಲ್ಟ್ ರಿಮ್ ಅನ್ನು ತಳ್ಳುವ ಬದಲು ಅದರ ಮೇಲೆ ಏರಿ ಹಿತ್ತಾಳೆಯನ್ನು ಗೀರುತ್ತ ಮುಚ್ಚಿಕೊಳ್ಳುತ್ತದೆ. ನಿಮ್ಮ ಗೀರು ಹೇಳುತ್ತಿರುವುದು ಇದನ್ನೇ. ಮೊದಲ ಗುಂಡು ತಪ್ಪದಿರುವುದೂ ಇದಕ್ಕೆ ಹೊಂದುತ್ತದೆ: ಮ್ಯಾಗಜೀನ್ ಆಗ ತಾನೇ ಅಂಗೈಯಿಂದ ಒತ್ತಿ ಕೂರಿಸಿದ್ದು, ಆಮೇಲಿನ ಹೊಡೆತಗಳಿಗೆ ಅದು ಕೆಳಗೆ ಇಳಿಯುತ್ತದೆ.

ಮರದ ಹಿಡಿಯ ಒಳಬದಿ ಕೊಕ್ಕೆಯ ದಾರಿಗೆ ತುಸು ಅಡ್ಡ ಬಂದರೂ ಕೊಕ್ಕೆ ಪೂರ್ತಿ ಒಳಗೆ ಬರುವುದಿಲ್ಲ, ತುದಿಯಲ್ಲಿ ಮಾತ್ರ ಹಿಡಿಯುತ್ತದೆ. ಮರ ತೇವಕ್ಕೆ ಉಬ್ಬುತ್ತದೆ ಎಂಬುದನ್ನೂ ಮರೆಯಬೇಡಿ, ಬಂದ ದಿನ ಸರಿಯಿದ್ದ ಹಿಡಿ ಆಮೇಲೆ ಅಡ್ಡವಾಗಬಹುದು.

ಚೇಂಬರ್ ಖಾಲಿ ಇದೆ ಎಂದು ಖಚಿತಪಡಿಸಿಕೊಂಡು ಹಿಡಿಯ ಬಲ ಎಡ ಎರಡೂ ಭಾಗಗಳನ್ನು ಬಿಚ್ಚಿ. ಖಾಲಿ ಮ್ಯಾಗಜೀನ್ ಹಾಕಿ, ಅದರ ತಳದಿಂದ ಫ್ರೇಮಿನ ಯಾವುದಾದರೂ ನಿಶ್ಚಿತ ಅಂಚಿಗೆ ಕ್ಯಾಲಿಪರ್‌ನಿಂದ ಅಳೆಯಿರಿ. ಹಿಡಿ ಹಾಕಿ ಮತ್ತೆ ಅಳೆಯಿರಿ. ಕೊಕ್ಕೆಯ ಬೆನ್ನಿಗೆ ಮಾರ್ಕರ್ ಶಾಯಿ ಹಚ್ಚಿ ಹಿಡಿ ಕೂರಿಸಿ ಬಿಚ್ಚಿದರೆ ಮರ ಎಲ್ಲಿ ತಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ಮದ್ದಿನಪುಡಿ
ಅಳತೆ ಮಾಡಲಿ, ಬೇಡ ಎನ್ನುವುದಿಲ್ಲ. ಆದರೂ ಬೇರೆ ಗುಂಡಿನ ಒಂದು ಪೆಟ್ಟಿಗೆಯಲ್ಲಿ ಉತ್ತರ ಸಿಗುವಾಗ ಹಿಡಿ ಬಿಚ್ಚುವುದು ಸುತ್ತಿನ ದಾರಿ.

ಹತ್ತರವೃತ್ತ
ಅಳೆದೆ. ಹಿಡಿ ಇಲ್ಲದೆ ಇರುವುದಕ್ಕಿಂತ ಹೊಸ ಹಿಡಿ ಹಾಕಿದಾಗ ಮ್ಯಾಗಜೀನ್ 0.6 ಮಿಲಿಮೀಟರ್ ಕೆಳಗಿದೆ. ಹಳೆಯ ಹಿಡಿಯಲ್ಲಿ ವ್ಯತ್ಯಾಸವೇ ಇಲ್ಲ. ಶಾಯಿ ಬಲಭಾಗದ ಒಳಮೂಲೆಯಲ್ಲಿ ಅಂಟಿದೆ. ಹಳೆಯ ಹಿಡಿಯನ್ನೇ ಹಾಕಿ ರೇಂಜಿಗೆ ಹೋದೆ. ಹೊಸ ಮ್ಯಾಗಜೀನಿನಲ್ಲಿ 10 ಸೆಕೆಂಡ್ ಸರಣಿಗಳು ಒಂದೂ ತಪ್ಪಿಲ್ಲದೆ ಮುಗಿದವು. ಎಡಗೈ, ಲೋಹಕರ್ಮಿ, ಇಬ್ಬರಿಗೂ ಮನಸಾರೆ ಧನ್ಯವಾದ.

ಆದರೆ ಹಳೆಯ ಮ್ಯಾಗಜೀನ್ ಈಗಲೂ ಆಗೊಮ್ಮೆ ಈಗೊಮ್ಮೆ ಮೂರನೆಯ ಗುಂಡನ್ನು ಬಿಡುವುದಿಲ್ಲ. ಈಗ ಗೀರಿಲ್ಲ, ಮೂತಿ ರ್ಯಾಂಪಿಗೆ ಬಡಿದು ನಿಲ್ಲುತ್ತದೆ.

ಮದ್ದಿನಪುಡಿ
ನೋಡಿ, ಇನ್ನೂ ಮುಗಿದಿಲ್ಲ. ಲಾಟ್ ಬದಲಿಸಿ.

ಉಕ್ಕಿನಸುರುಳಿ
ಹೊಸ ಮ್ಯಾಗಜೀನಿನಲ್ಲಿ ಅದೇ ಗುಂಡು ಸರಾಗವಾಗಿ ಹೋಗುತ್ತಿರುವಾಗ ಗುಂಡನ್ನು ದೂರುವುದು ನ್ಯಾಯವಲ್ಲ. ತುಂಬುವ ಕ್ರಮ ನೋಡಿ. ಮೇಲಿನ ಗುಂಡಿನ ರಿಮ್ ಕೆಳಗಿನದರ ರಿಮ್‌ಗಿಂತ ಮುಂದಿರಬೇಕು. ಹಿಂದೆ ಸಿಕ್ಕಿಕೊಂಡರೆ ಅದು ಕೆಳಗಿನದನ್ನೂ ಎಳೆಯುತ್ತದೆ. ಅದು ಸರಿಯಿದ್ದರೆ ಫೀಡ್ ಲಿಪ್‌ಗಳನ್ನು (ಮ್ಯಾಗಜೀನ್ ಬಾಯಿಯ ಬಾಗಿದ ಅಂಚುಗಳನ್ನು) ಹೊಸ ಮ್ಯಾಗಜೀನಿನೊಂದಿಗೆ ಹೋಲಿಸಿ.

ಸರಾಗ
ಲಿಪ್ ಅಗಲವಾಗಿದ್ದರೆ ಇಕ್ಕಳದಿಂದ ಸ್ವಲ್ಪ ಒಳಗೆ ಒತ್ತಿದರೆ ಸಾಕು.

ಲೋಹಕರ್ಮಿ
ಇಕ್ಕಳ ಮುಟ್ಟಬೇಡಿ. ಒಂದು ಬದಿ ಹೆಚ್ಚು ಬಾಗಿದರೆ ಗುಂಡು ಓರೆಯಾಗಿ ಹೊರಡುತ್ತದೆ, ಮತ್ತೆ ಮತ್ತೆ ಬಾಗಿಸಿದ ತಗಡು ಬಿರುಕು ಬಿಡುತ್ತದೆ. ಅಭ್ಯಾಸಕ್ಕೆ ಕೂಡ ಆ ಮ್ಯಾಗಜೀನ್ ಬೇಡ, ಪ್ರತಿ ತಪ್ಪು ಟ್ರಿಗರ್ ಬೆರಳಿಗೆ ಅಳುಕು ಕಲಿಸುತ್ತದೆ. ಸ್ಪರ್ಧೆಯಲ್ಲಿ ಹೀಗೇ ಆದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಇನ್ನೊಂದು ಕೈ ಎತ್ತಿ, ಅಧಿಕಾರಿ ಬರುವವರೆಗೆ ಬೋಲ್ಟ್ ಮುಟ್ಟಬೇಡಿ. ನೀವೇ ತೆರೆದರೆ ಸರಣಿ ಮತ್ತೆ ಸಿಗುವುದಿಲ್ಲ.

ಹತ್ತರವೃತ್ತ
ಹೊಸ ಹಿಡಿಯ ಆ ಮೂಲೆಯನ್ನು ನಾನೇ ಉಜ್ಜಲೇ, ಮಾಡಿದವರಿಗೆ ಕಳಿಸಲೇ?

ಮುಂದಿನತೂಕ
ಕಳಿಸಿ. ಮಾಡಿದವರ ಕೆಲಸ ಅದು.

ಎಡಗೈ
ಸ್ಪರ್ಧೆ ಹತ್ತಿರವಿದೆ ಎಂದಿರಿ. ಶಾಯಿ ಅಂಟಿದ ಜಾಗವನ್ನು ಮಾತ್ರ ನಯವಾದ ಉಪ್ಪುಕಾಗದದಿಂದ ಉಜ್ಜಿ, ಪ್ರತಿ ಸಲ ಅಳೆಯುತ್ತ ಹೋಗಿ. ಒಳಬದಿಯಲ್ಲಿ ಮರ ತೆಗೆಯುವುದರಿಂದ ಹಿಡಿತ ಬದಲಾಗುವುದಿಲ್ಲ, ತಪಾಸಣೆಯಲ್ಲಿ ಪಿಸ್ತೂಲು 300 × 150 × 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿ ಕೂರುವುದಕ್ಕೂ ಅಡ್ಡಿಯಿಲ್ಲ. ಮುಗಿದ ಮೇಲೆ ಉಜ್ಜಿದ ಮರಕ್ಕೆ ಎಣ್ಣೆ ಹಚ್ಚಿ, ಇಲ್ಲವಾದರೆ ಅಲ್ಲೇ ತೇವ ಹೀರುತ್ತದೆ.

ಒಂಬತ್ತುಎಂಎಂ
ನನ್ನದೂ ಇದೇ ತೊಂದರೆ, ಆದರೆ 9 ಎಂಎಂ ಡಬಲ್ ಸ್ಟ್ಯಾಕ್ (ಗುಂಡುಗಳು ಎರಡು ಸಾಲಿನಲ್ಲಿ ಕೂರುವ) ಮ್ಯಾಗಜೀನ್, ಐಪಿಎಸ್‌ಸಿ (ಪ್ರಾಕ್ಟಿಕಲ್ ಶೂಟಿಂಗ್) ಸ್ಪರ್ಧೆಗೆ ಬಳಸುವುದು. ಮರಳಿಗೆ ಬಿದ್ದ ಮ್ಯಾಗಜೀನನ್ನು ಹಾಗೆಯೇ ಮತ್ತೆ ಹಾಕಿದರೆ ಕೊನೆಯ ಎರಡು ಗುಂಡುಗಳ ಮೂತಿ ಕೆಳಗೆ ಬಾಗುತ್ತದೆ.

ನಿರ್ವಾಹಕ
ಅದು ರಿಮ್ ಇಲ್ಲದ ಗುಂಡು, ಬೇರೆ ವಿಷಯ. ಹೊಸ ಚರ್ಚೆ ತೆರೆಯಿರಿ. ತೆರೆಯುವಾಗ ಪಿಸ್ತೂಲಿನ ಮಾದರಿ, ಸ್ಪ್ರಿಂಗ್ ಎಷ್ಟು ಹಳೆಯದು, ಇತ್ತೀಚೆಗೆ ಏನನ್ನೆಲ್ಲ ಬದಲಿಸಿದ್ದೀರಿ ಎಂಬುದನ್ನು ಮೊದಲೇ ಬರೆಯಿರಿ.

ಲೋಹಕರ್ಮಿ
ಹತ್ತರವೃತ್ತ ಅವರೇ, ಹಳೆಯ ಮ್ಯಾಗಜೀನಿನ ಎರಡೂ ಲಿಪ್‌ಗಳ ನಡುವಿನ ಅಂತರವನ್ನು ಮುಂದೆ ಮತ್ತು ಹಿಂದೆ ಅಳೆದು, ಹೊಸದರ ಅಳತೆಯ ಪಕ್ಕದಲ್ಲಿ ಬರೆದು ಹಾಕಿ. ಫಾಲೋಯರ್ ಮೂರನೆಯ ಗುಂಡಿನ ಎತ್ತರಕ್ಕೆ ಬಂದಾಗ ಮುಂದಕ್ಕೆ ವಾಲುತ್ತದೆಯೇ ಎಂದು ಡಮ್ಮಿ ಗುಂಡುಗಳಿಂದ ನೋಡಿ.