ಆಗುಂಬೆ ಹತ್ತಿ ಚಾರ್ಮಾಡಿ ಇಳಿಯುವುದೋ, ಚಾರ್ಮಾಡಿ ಹತ್ತಿ ಆಗುಂಬೆ ಇಳಿಯುವುದೋ? ಲಗೇಜು ಹೇರಿಕೊಂಡು ಸೈಕಲ್ ಸುತ್ತು

ಗಾಲಿಗಿರಿ: ಡಿಸೆಂಬರ್ ಕೊನೆಗೆ ಉಡುಪಿ–ಹೆಬ್ರಿ–ಆಗುಂಬೆ–ಶೃಂಗೇರಿ–ಕಳಸ–ಕೊಟ್ಟಿಗೆಹಾರ–ಚಾರ್ಮಾಡಿ–ಉಜಿರೆ–ಕಾರ್ಕಳ–ಉಡುಪಿ ಸುತ್ತು ಹಾಕುವ ಯೋಚನೆ ಇದೆ. ಇದೇ ದಿಕ್ಕಿನಲ್ಲಿ ಹೋಗಬೇಕಾ, ತಿರುಗಾಮುರುಗಾ ಮಾಡಬೇಕಾ? ಸೈಕಲ್ ವಿವರ: ರೋಡ್ ಬೈಕ್, ಮುಂದಿನ ಎರಡು ಹಲ್ಲುಚಕ್ರ 50/34 ಹಲ್ಲು, ಹಿಂದಿನವು 11–28 ಹಲ್ಲು, 28 ಎಂಎಂ ಟೈರ್, ರಿಮ್ ಬ್ರೇಕ್ (ಚಕ್ರದ ಲೋಹದ ಅಂಚನ್ನೇ ಒತ್ತಿ ಹಿಡಿಯುವಂಥದ್ದು). ನನ್ನ ತೂಕ 70 ಕೆಜಿ, ಸೈಕಲ್ 11, ಲಗೇಜು 14. ಲಗೇಜು ಪೂರ್ತಿ ಹಿಂದಿನ ಕ್ಯಾರಿಯರ್ ಮೇಲೆ. ಗೇರು ಸಾಕಾಗುತ್ತಾ?

ಕರಾವಳಿ ಸವಾರ: ಆಗುಂಬೆ ಹತ್ತಿ, ಚಾರ್ಮಾಡಿ ಇಳಿಯಿರಿ ಮಾರಾಯ್ರೆ. ಸೋಮೇಶ್ವರ ದಾಟಿದ ಮೇಲೆ ಸುಮಾರು 500 ಮೀಟರ್ ಏರು ಉಂಟು, 14 ಹೇರ್‌ಪಿನ್ ತಿರುವು. ರಸ್ತೆ ಕಿರಿದು, ತಿರುವುಗಳು ಒಂದರ ಮೇಲೊಂದು. ಇಂಥ ಕಡೆ ಹತ್ತುವಾಗ ವೇಗವೇ ಇರುವುದಿಲ್ಲ, ಹಾಗಾಗಿ ಅಪಾಯ ಕಮ್ಮಿ. ಇಳಿಯುವಾಗ ಮಾತ್ರ ಪ್ರತಿ ತಿರುವಿಗೂ ಪೂರ್ತಿ ವೇಗ ಕಳೆಯಬೇಕು, ಮತ್ತೆ ನೂರಿನ್ನೂರು ಮೀಟರಿಗೆ ಇನ್ನೊಂದು ತಿರುವು. ರಿಮ್ ತಣಿಯಲಿಕ್ಕೆ ಪುರುಸೊತ್ತೇ ಇಲ್ಲ. ಚಾರ್ಮಾಡಿ ಇಳಿಜಾರು ಇನ್ನೂ ಉದ್ದ ಹೌದು, ಆದರೆ ತಿರುವುಗಳ ನಡುವೆ ನೇರ ದಾರಿ ಹೆಚ್ಚು ಸಿಗ್ತದೆ.

ಸ್ಪೋಕ್ ಕೀ: ದಿಕ್ಕು ಆಮೇಲೆ ನೋಡೋಣ, ಮೊದಲು ಗೇರು. ಮುಂದೆ 34, ಹಿಂದೆ 28 ಹಲ್ಲಿಗೆ ಚೈನ್ ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.6 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9.3 ಕಿಮೀ. ನಿಮ್ಮ ಒಟ್ಟು ತೂಕ 95 ಕೆಜಿ. ಅಷ್ಟನ್ನು ಶೇ 8ರ ಏರಿನಲ್ಲಿ ಆ ವೇಗಕ್ಕೆ ಎಳೆಯಲು 200 ವ್ಯಾಟ್‌ಗೂ ಮೇಲೆ ಬೇಕು. ವಾರಕ್ಕೆ ಎರಡು ಮೂರು ದಿನ ಸೈಕಲ್ ಹೊಡೆಯುವವರಿಗೆ ಹತ್ತಿಪ್ಪತ್ತು ನಿಮಿಷ ಅದು ಬರಬಹುದು, ಒಂದು ಗಂಟೆ ಬರಲ್ಲ. ಶಕ್ತಿ ಸಾಲದೆ ಸುತ್ತು 45ಕ್ಕೆ ಇಳಿದಾಗ ಭಾರವೆಲ್ಲ ಮಂಡಿಗೆ ಬೀಳುತ್ತೆ. ಮಾರನೇ ದಿನ ಮಂಡಿಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳೋದು ಇದಕ್ಕೇ.

ಹಿಂದೆ 11–34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿ. ಅದೇ 60 ಸುತ್ತಿಗೆ 7.7 ಕಿಮೀ, ಸುಮಾರು 170 ವ್ಯಾಟ್. ಮುಂದೆ 46/30 ಹಲ್ಲಿನ ಕ್ರ್ಯಾಂಕ್ (ಪೆಡಲ್ ಕೂಡಿಸುವ ಭಾಗ) ಕೂಡ ಸಿಕ್ಕಿದರೆ 150ರ ಆಸುಪಾಸು. ಇದು ಮಾತಾಡ್ತಾ ಹತ್ತುವ ಗೇರು.

ಗಾಲಿಗಿರಿ: ಬರೀ ಕ್ಯಾಸೆಟ್ ಬದಲಿಸಿದರೆ ಆಯ್ತಾ?

ಸ್ಪೋಕ್ ಕೀ: ಆಗಲ್ಲ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಗಿಡ್ಡ ಪಂಜರದ್ದಾದರೆ 34 ಹಲ್ಲಿಗೆ ಎಟುಕಲ್ಲ, ಅದರೊಳಗೆ ಚೈನ್ ಹಾಯುವ ಮೇಲಿನ ಪುಟ್ಟ ಜಾಕಿ ಚಕ್ರ ಕ್ಯಾಸೆಟ್‌ಗೆ ಉಜ್ಜುತ್ತೆ. ಉದ್ದ ಪಂಜರದ್ದು ತಗೊಳ್ಳಿ. ಅದರ ಒಟ್ಟು ಸಾಮರ್ಥ್ಯ 39 ಹಲ್ಲು ಇರಬೇಕು: ಮುಂದಿನ ವ್ಯತ್ಯಾಸ 16, ಹಿಂದಿನದು 23. ಚೈನೂ ಹೊಸದೇ ಬೇಕು. ಅಳತೆಗೆ ಡಿರೇಲರ್ ಬಿಟ್ಟು ಮುಂದಿನ ದೊಡ್ಡ ಹಲ್ಲುಚಕ್ರದಿಂದ ಹಿಂದಿನ ದೊಡ್ಡದಕ್ಕೆ ಚೈನ್ ಸುತ್ತಿ, ಅದಕ್ಕೆ ಎರಡು ಕೊಂಡಿ ಸೇರಿಸಿ ಕತ್ತರಿಸಿ. ಹಳೇ ಚೈನ್ ಗಿಡ್ಡವಾಗಿದ್ದು, ಕೈತಪ್ಪಿ ಎರಡೂ ಕಡೆ ದೊಡ್ಡದಕ್ಕೆ ಬಿದ್ದರೆ ಡಿರೇಲರ್ ಕಿತ್ತುಕೊಂಡು ಬರುತ್ತೆ.

ಕಡೂರಿನವ: ಅಷ್ಟು ಖರ್ಚು ಯಾಕೆ ಗುರು? ಲಗೇಜು 14ರಿಂದ 7ಕ್ಕೆ ಇಳಿಸಿ. ಈ ದಾರಿಯಲ್ಲಿ ಹೋಂಸ್ಟೇ, ಲಾಡ್ಜು ಸಿಗುತ್ತವೆ. ಕಾಡಿನೊಳಗೆ ಟೆಂಟ್ ಹಾಕಲು ಬಿಡಲ್ಲ. ಟೆಂಟ್, ಸ್ಟವ್, ಚಾಪೆ ಮನೇಲೇ ಇರಲಿ.

ಸ್ಪೋಕ್ ಕೀ: ಇಳಿಸೋದು ಒಳ್ಳೇದೇ. ಆದರೆ 7 ಕೆಜಿ ಅಂದ್ರೆ 95ರಲ್ಲಿ ಶೇ 7 ಮಾತ್ರ. 28ರಿಂದ 34 ಹಲ್ಲಿಗೆ ಹೋದರೆ ಶೇ 18 ಸಿಗುತ್ತೆ. ತೂಕ ಇಳಿಸಿದ ಲಾಭ ಕಾಣೋದು ಹಿಂದಿನ ಚಕ್ರದಲ್ಲಿ, ಸ್ಪೋಕ್ ಕಡ್ಡಿಗಳ ಆಯಸ್ಸಿನಲ್ಲಿ.

ತುಂಗಾತೀರ: ಇಬ್ಬರೂ ಘಾಟಿಯನ್ನೇ ಹಿಡಿದುಕೊಂಡಿದ್ದೀರಿ. ಈ ಸುತ್ತಿನಲ್ಲಿ ಕಾಲು ಮುರಿಯುವುದು ಘಾಟಿಯಲ್ಲ, ಶೃಂಗೇರಿಯಿಂದ ಕೊಟ್ಟಿಗೆಹಾರದವರೆಗಿನ ಒಳದಾರಿ. ಘಾಟಿ ರಸ್ತೆ ಕಡಿದವರು ಲಾರಿ ಬಸ್ಸು ಹತ್ತಬೇಕೆಂದು ಏರನ್ನು ಒಂದೇ ಹದದಲ್ಲಿ ಹಂಚಿದ್ದಾರೆ. ಆಗುಂಬೆಯ ಸರಾಸರಿ ಏರು ಶೇ 6ರ ಸುಮಾರು, ತಿರುವುಗಳಲ್ಲಿ ಮಾತ್ರ ಹೆಚ್ಚು. ತೋಟದ ನಡುವಿನ ರಸ್ತೆಗಳಿಗೆ ಆ ಲೆಕ್ಕವಿಲ್ಲ. ಹಳ್ಳದವರೆಗೆ ಸೀದಾ ಇಳಿದು, ಸೇತುವೆ ದಾಟಿ, ಸೀದಾ ಏರುತ್ತವೆ. 300 ಮೀಟರ್ ದೂರ ಶೇ 12–14ರ ಏರು, ಆಮೇಲೆ ಇಳಿತ, ಮತ್ತೆ ಏರು. ಅಲ್ಲಿ ತುಳಿತದ ಲಯ ಸಿಗುವುದೇ ಇಲ್ಲ, ಗೇರ್ ಬದಲಿಸುತ್ತಲೇ ಇರಬೇಕು. 34 ಹಲ್ಲು ಅಗತ್ಯ ಬೀಳುವುದು ಇಲ್ಲಿ.

ಇನ್ನೊಂದು, ಹೊರಡುವ ಮೊದಲು ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು) ನೇರ ಇದೆಯೇ ನೋಡಿ. ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಬಲಮಗ್ಗುಲಿಗೆ ಮಲಗಿದರೆ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ಸಮದಾರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಕಡಿದಾದ ಏರಿನಲ್ಲಿ ಕೊನೆಯ ಗೇರಿಗೆ ಹಾಕಿದಾಗ ಡಿರೇಲರ್ ಸ್ಪೋಕ್ ಕಡ್ಡಿಯೊಳಗೆ ಸಿಕ್ಕಿ ಎರಡೂ ಹಾಳು. ಸೈಕಲನ್ನು ಎಡಮಗ್ಗುಲಿಗೆ ಮಲಗಿಸಿ. ನಿಮ್ಮ ಫ್ರೇಮಿಗೆ ಹೊಂದುವ ಒಂದು ಬಿಡಿ ಹ್ಯಾಂಗರ್ ಜೊತೆಗಿರಲಿ. ಪ್ರತಿ ಫ್ರೇಮಿನದೂ ಬೇರೆ, ಊರಿನ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಕಡೂರಿನವ: ದಿಕ್ಕಿನ ಬಗ್ಗೆ ನನ್ನ ತಕರಾರು ಇದೆ. ಉಡುಪಿಯಿಂದ ಹೆಬ್ರಿ ಮುಗಿಸಿ ಆಗುಂಬೆ ಬುಡಕ್ಕೆ ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ, ಕರಾವಳಿ ಸೆಖೆ ಬೇರೆ. ಉಜಿರೆಯಲ್ಲಿ ರಾತ್ರಿ ತಂಗಿ ಬೆಳಗ್ಗೆ ಚಾರ್ಮಾಡಿ ಹತ್ತಿದರೆ ಪೂರ್ತಿ ನೆರಳು.

ಕರಾವಳಿ ಸವಾರ: ಎರಡೂ ಘಾಟಿ ಪಡುವಣಕ್ಕೆ ಮುಖ ಮಾಡಿದ್ದು, ಬೆಳಗ್ಗಿನ ನೆರಳು ಎರಡಕ್ಕೂ ಉಂಟು. ಹೆಬ್ರಿಯಲ್ಲಿ ತಂಗಿದರೆ ಆಯ್ತಲ್ಲ? ಬೆಳಕು ಹರಿಯುವಾಗ ಹೊರಟರೆ ಒಂಬತ್ತಕ್ಕೆ ಮೇಲೆ ಇರ್ತೀರಿ. ನೀರು ಎರಡು ಬಾಟಲಿ, ಒಂದರಲ್ಲಿ ಓಆರ್‌ಎಸ್. ಏರು ಶುರುವಾಗುವ ಮೊದಲೇ ತಿನ್ನಲು ಶುರು ಮಾಡಿ, ಗಂಟೆಗೆ 50 ಗ್ರಾಂ ಬೆಲ್ಲದಷ್ಟು ಸಿಹಿ ಸಾಕು. ಬರೀ ನೀರು ಕುಡಿದು ಬೆವರಿದರೆ ಮಧ್ಯಾಹ್ನಕ್ಕೆ ತಲೆನೋವು ಗ್ಯಾರಂಟಿ.

ಹತ್ತುವಾಗ ಎಡ ತಿರುವುಗಳಲ್ಲಿ ಜಾಗ್ರತೆ. ನಾವು ಎಡಬದಿ ಹೋಗುವುದರಿಂದ ತಿರುವಿನ ಒಳ ಅಂಚಿಗೆ ಬೀಳ್ತೇವೆ, ರಸ್ತೆ ಅತಿ ಕಡಿದಾಗಿರುವುದು ಅಲ್ಲೇ. ಹಿಂದೆ ವಾಹನ ಇಲ್ಲವೆಂದು ನೋಡಿ ಒಂದು ಮೀಟರ್ ಹೊರಗೆ ಬನ್ನಿ. ಗೇರನ್ನು ತಿರುವಿಗೆ ಮೊದಲೇ ಇಳಿಸಿ, ಭಾರ ಹಾಕಿ ತುಳಿಯುವಾಗ ಬದಲಿಸಿದರೆ ಚೈನ್ ತುಂಡಾಗ್ತದೆ.

ಬ್ರೇಕ್ ಬ್ಲಾಕ್: ಈ ಚರ್ಚೆಯಲ್ಲಿ ಜೀವಕ್ಕೆ ಸಂಬಂಧಿಸಿದ ವಿಷಯ ಬ್ರೇಕ್ ಒಂದೇ. 95 ಕೆಜಿ 500 ಮೀಟರ್ ಇಳಿದರೆ ಹೊರಬೀಳುವ ಶಕ್ತಿ ನಾಲ್ಕೂವರೆ ಲಕ್ಷ ಜೂಲ್‌ಗೂ ಜಾಸ್ತಿ. ಒಂದೂವರೆ ಲೀಟರ್ ನೀರನ್ನು ಕುದಿಸುವಷ್ಟು. ವೇಗವಾಗಿ ಇಳಿದರೆ ಒಂದಷ್ಟು ಪಾಲು ಗಾಳಿಗೆ ಹೋಗುತ್ತದೆ. ಹೆದರಿಕೊಂಡು 15 ಕಿಮೀ ವೇಗದಲ್ಲಿ ಬ್ರೇಕ್ ಹಿಡಿದೇ ಇಳಿದರೆ ಹೆಚ್ಚುಕಡಿಮೆ ಪೂರ್ತಿ ರಿಮ್ಮಿಗೇ ಬೀಳುತ್ತದೆ. ಟ್ಯೂಬಿನ ಒತ್ತಡ ಏರಿ ಟೈರ್ ರಿಮ್ಮಿನಿಂದ ಎದ್ದು ಒಡೆಯುವುದು ಹೀಗೆ, ಅದೂ ಮುಂದಿನ ಚಕ್ರದಲ್ಲಾದರೆ ಕೇಳಬೇಡಿ.

ಸರಿಯಾದ ಕ್ರಮ: ನೇರ ದಾರಿಯಲ್ಲಿ ಬ್ರೇಕ್ ಪೂರ್ತಿ ಬಿಡಿ, ತಿರುವಿಗೆ ಮೊದಲು ಎರಡನ್ನೂ ಸೇರಿಸಿ ಎರಡು ಮೂರು ಸೆಕೆಂಡ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು ತಿರುಗಿ. ತಿರುವಿನೊಳಗೆ ಮುಂದಿನ ಬ್ರೇಕ್ ಹಿಡಿಯಬೇಡಿ. ಹಿಂದಿನ ತಿಂಗಳಿನ ಮಳೆಯ ಮಣ್ಣು ಬ್ರೇಕಿನ ರಬ್ಬರ್ ಬ್ಲಾಕ್‌ನಲ್ಲಿ ಕೂತಿರುತ್ತದೆ, ರಿಮ್ಮಿನ ಅಲ್ಯೂಮಿನಿಯಂ ಚೂರುಗಳೂ ಕಚ್ಚಿಕೊಂಡಿರುತ್ತವೆ. ಬ್ಲಾಕ್ ಕಳಚಿ, ಪಿನ್ನಿನಿಂದ ಅವನ್ನು ಕೆದಕಿ ತೆಗೆದು, ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿ. ರಿಮ್ಮಿನ ಪಕ್ಕ ಬೆರಳಾಡಿಸಿ ನೋಡಿ, ಒಳಕ್ಕೆ ಗುಳಿ ಬಿದ್ದಿದ್ದರೆ ಆ ರಿಮ್‌ನಲ್ಲಿ ಘಾಟಿ ಇಳಿಯಬೇಡಿ, ಬದಲಿಸಿ. ಬಿಡಿ ಬ್ಲಾಕ್ ಒಂದು ಜೊತೆ ಇಟ್ಟುಕೊಳ್ಳಿ.

ಸ್ಪೋಕ್ ಕೀ: ಇಳಿಜಾರಿನಲ್ಲಿ ಹ್ಯಾಂಡಲ್ ಅದುರಬಾರದು, ಅದಕ್ಕೇ ಲಗೇಜು ಪೂರ್ತಿ ಹಿಂದೆ ಬೇಡ ಅನ್ನೋದು. ವೇಗ ಗಂಟೆಗೆ 40 ಕಿಮೀ ದಾಟಿದ ಮೇಲೆ ಹ್ಯಾಂಡಲ್ ಅದುರಲು ಶುರುವಾದರೆ ಮಂಡಿಗಳಿಂದ ಮೇಲಿನ ಪೈಪನ್ನು ಒತ್ತಿ ಹಿಡಿದು ನಿಧಾನ ವೇಗ ಇಳಿಸಿ. ಮೂರು ನಾಲ್ಕು ಕೆಜಿ ಹ್ಯಾಂಡಲ್ ಚೀಲಕ್ಕೆ ಹಾಕಿ, ಭಾರದ ವಸ್ತು ಪ್ಯಾನಿಯರ್ (ಕ್ಯಾರಿಯರ್ ಪಕ್ಕಕ್ಕೆ ತೂಗುವ ಚೀಲ) ತಳದಲ್ಲಿಡಿ. ರೋಡ್ ಬೈಕಿನ ಹಿಂಭಾಗ ಗಿಡ್ಡ, ಹಿಮ್ಮಡಿ ಚೀಲಕ್ಕೆ ಬಡಿಯುತ್ತೆ, ಅದನ್ನು ಮನೆ ಮುಂದೇನೇ ಪರೀಕ್ಷೆ ಮಾಡಿ. ಕ್ಯಾರಿಯರ್‌ನ ಎಂ5 ಬೋಲ್ಟ್‌ಗಳಿಗೆ ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ದಿನಾ ಸಂಜೆ ಮುಟ್ಟಿ ನೋಡಿ.

ಕಡ್ಡಿ ತುಂಡಾಗೋದು ಸಾಮಾನ್ಯವಾಗಿ ಹಿಂದಿನ ಚಕ್ರದ ಬಲಗಡೆ, ಕ್ಯಾಸೆಟ್ ಹಿಂದೆ. ಅಲ್ಲಿ ಬಿಗಿತ ಹೆಚ್ಚು, ತುಳಿತದ ಎಳೆತವೂ ಅದಕ್ಕೇ. ಬಲದ ಕಡ್ಡಿ ಹೋದರೆ ರಿಮ್ ಎಡಕ್ಕೆ ವಾಲುತ್ತೆ. ಅದರ ಅಕ್ಕಪಕ್ಕದ ಎಡಗಡೆ ಕಡ್ಡಿಗಳ ನಿಪ್ಪಲ್ (ಕಡ್ಡಿಯ ತುದಿಯಲ್ಲಿ ಬಿಗಿಸುವ ತಿರುಪು) ಅರ್ಧ ಸುತ್ತು ಸಡಿಲಿಸಿದರೆ ಬ್ರೇಕಿಗೆ ಉಜ್ಜದೆ ಊರು ಸೇರಬಹುದು. ಪೂರ್ತಿ ಬೆಂಡು ತೆಗೆಯೋದು ಅಂಗಡಿಯಲ್ಲಿ.

ಗಾಲಿಗಿರಿ: ಶೃಂಗೇರಿಯಿಂದ ಕಳಸಕ್ಕೆ ಕೆರೆಕಟ್ಟೆ–ಕುದುರೆಮುಖ ಮೇಲೆ ಹೋಗಲಾ, ಬಾಳೆಹೊನ್ನೂರು ಮೇಲೆ ಹೋಗಲಾ?

ತುಂಗಾತೀರ: ಕುದುರೆಮುಖದ ದಾರಿ ಚಂದ, ಶೋಲಾ ಕಾಡು, ಹುಲ್ಲುಗುಡ್ಡ. ಆದರೆ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟ್‌ನಲ್ಲಿ ವೇಳೆ ಬರೆದ ಚೀಟಿ ಕೊಡುವ ಪದ್ಧತಿ ಇದೆ, ಆ ಅವಧಿಯೊಳಗೆ ಇನ್ನೊಂದು ಗೇಟಿನಿಂದ ಹೊರಬೀಳಬೇಕು. ಅವಧಿ ಕಾರಿನ ವೇಗಕ್ಕೆ ಲೆಕ್ಕ ಹಾಕಿದ್ದು. ಸೈಕಲ್ ಎಂದು ಸಿಬ್ಬಂದಿಗೆ ಮೊದಲೇ ಹೇಳಿ, ಬಿಡುತ್ತಾರೋ ಎಷ್ಟು ಹೊತ್ತು ಕೊಡುತ್ತಾರೋ ಕೇಳಿಕೊಂಡೇ ಒಳಗೆ ಹೋಗಿ. ಒಪ್ಪದಿದ್ದರೆ ವಾದ ಬೇಡ, ಬಾಳೆಹೊನ್ನೂರು ಹಿಡಿಯಿರಿ. ಏರಿಳಿತ ಜಾಸ್ತಿ, ಆದರೆ ಊಟ, ಪಂಕ್ಚರ್ ಅಂಗಡಿ ಸಿಗುತ್ತವೆ.

ಕಡೂರಿನವ: ದಿಕ್ಕು ಬಿಟ್ಟುಕೊಡ್ತೀನಿ, ಬ್ರೇಕಿನ ವಾದ ಸರಿ ಇದೆ. ಲಗೇಜು ಮಾತ್ರ 8ಕ್ಕಿಂತ ಮೇಲೆ ಬೇಡ.

ಬ್ರೇಕ್ ಬ್ಲಾಕ್: ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯುವ ಮೊದಲು ಬ್ರೇಕ್ ಕೇಬಲ್ ಬಿಗಿ ಮಾಡಿ, ಲಿವರ್ ಹ್ಯಾಂಡಲಿಗೆ ತಾಗಬಾರದು. 28 ಎಂಎಂ ಟೈರಿಗೆ ಹಿಂದೆ 90, ಮುಂದೆ 75 ಪಿಎಸ್‌ಐ ಮೀರಬೇಡಿ. ಘಾಟಿಯ ನಡುವೆ ಸಿಗುವ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ವಾಹನಗಳು ನಿಲ್ಲುತ್ತವೆ, ನೀವೂ ನಿಲ್ಲಿ. ರಿಮ್ಮಿಗೆ ಬೆರಳು ತಾಗಿಸಿ. ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಹತ್ತು ನಿಮಿಷ ಕಾಯಿರಿ, ನೀರು ಹಾಕಬೇಡಿ.