‘ಇನ್ ದ ಲೂಪ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ಒಂದು ಪದದಲ್ಲಿ ಸಿಲುಕಿದ್ದೇನೆ, ನೆರವು ಬೇಕು

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಾವು ಏಳೆಂಟು ಮಂದಿ ಗೆಳೆಯರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಒಂದು ಚಿತ್ರ ನೋಡಿ ಚರ್ಚಿಸುತ್ತೇವೆ. ಈ ಬಾರಿ ಅರ್ಮಾಂಡೊ ಇಯನೂಚಿ ನಿರ್ದೇಶನದ, 2009ರ ಬ್ರಿಟಿಷ್ ರಾಜಕೀಯ ವಿಡಂಬನೆ ‘ಇನ್ ದ ಲೂಪ್’ ಆರಿಸಿದ್ದೇವೆ. ನಮ್ಮ ಹಿರಿಯರಿಗೆ ಇಂಗ್ಲಿಷ್ ಬರುತ್ತದೆಯಾದರೂ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ನುಗ್ಗುವ ಆ ವೇಗವನ್ನು ಕಿವಿಯಲ್ಲಿ ಹಿಡಿಯುವುದು ಅವರಿಗೆ ಕಷ್ಟ. ಆದ್ದರಿಂದ ಕನ್ನಡ ಸಬ್‌ಟೈಟಲ್ ಬರೆಯಲು ಕುಳಿತಿದ್ದೇನೆ.

ಕಥೆ ಮೊಳೆಯುವುದೇ ಒಂದು ಪದದಿಂದ. ಅಂತರರಾಷ್ಟ್ರೀಯ ಅಭಿವೃದ್ಧಿ ಸಚಿವ ಸೈಮನ್ ಫಾಸ್ಟರ್ ರೇಡಿಯೊ ಸಂದರ್ಶನದಲ್ಲಿ ಯುದ್ಧ ‘ಅನ್‌ಫೋರ್ಸೀಯಬಲ್’ (ಮುಂಚಿತವಾಗಿ ಕಾಣಲಾಗದ್ದು) ಎಂದುಬಿಡುತ್ತಾನೆ. ಅದನ್ನು ಕೇಳಿ ಪ್ರಧಾನಿಯ ಸಂವಹನ ನಿರ್ದೇಶಕ ಮಾಲ್ಕಮ್ ಟಕರ್ ಕೆಂಡಾಮಂಡಲನಾಗುತ್ತಾನೆ. ಅಮೆರಿಕದಲ್ಲಿ ಯುದ್ಧವನ್ನು ತಡೆಯಲು ಹೆಣಗುತ್ತಿರುವವರು ಸಚಿವ ತಮ್ಮವನೆಂದುಕೊಳ್ಳುತ್ತಾರೆ. ನಾನು ಮೊದಲು ‘ಅಸಂಭವ’ ಎಂದು ಬರೆದೆ; ಆಗ ಯುದ್ಧ ನಡೆಯುವುದೇ ಇಲ್ಲವೆಂದು ಸಚಿವ ಖಚಿತವಾಗಿ ಹೇಳಿದಂತಾಯಿತು. ‘ಅನಿರೀಕ್ಷಿತ’ ಎಂದರೆ ಯುದ್ಧ ಆಗಲೇ ಬಂದೆರಗಿದಂತೆ ಕೇಳಿಸುತ್ತದೆ. ಯಾವ ಪದ ಬಳಸಲಿ? ಜೊತೆಗೆ, ಮಾಲ್ಕಮ್‌ನ ಬೈಗುಳಗಳನ್ನು ಎಷ್ಟರಮಟ್ಟಿಗೆ ಕನ್ನಡಿಸಬಹುದು?

ಉತ್ತರ 1 (ಕೋಲಾರದಿಂದ)

‘ಯುದ್ಧ ಊಹೆಗೆ ನಿಲುಕದ್ದು’ ಎಂದು ಬರೆದು ನೋಡಿ. ಮುಂದೇನಾಗುವುದೋ ಹೇಳಲಾಗದು ಎಂಬ ಅರ್ಥವೂ ಅದರಲ್ಲಿದೆ. ಅಂಥದ್ದನ್ನು ಕಲ್ಪಿಸಿಕೊಳ್ಳಲೂ ಸಾಧ್ಯವಿಲ್ಲ ಎಂಬ ಅರ್ಥವೂ ಇದೆ. ಮೊದಲನೆಯದು ನುಣುಚಿಕೊಳ್ಳುವ ಮಾತು, ಎರಡನೆಯದು ಯುದ್ಧಕ್ಕೆ ವಿರೋಧ. ಸಚಿವನಿಗೇ ತಾನು ಯಾವುದನ್ನು ಹೇಳಿದೆನೆಂದು ತಿಳಿಯದಿರುವಾಗ ಅನುವಾದಕರು ಅವನ ಪರವಾಗಿ ತೀರ್ಮಾನ ಮಾಡಬಾರದು. ಮುಂದೆ ಅವನು ಪತ್ರಕರ್ತರೆದುರು, ಶಾಂತಿಯ ಹಾದಿಯಲ್ಲಿ ನಡೆಯಬೇಕಾದರೆ ಕೆಲವೊಮ್ಮೆ ಸಂಘರ್ಷದ ಬೆಟ್ಟ ಹತ್ತಲು ಸಿದ್ಧರಿರಬೇಕು ಎಂದಾಗ ಅದೇ ಬಾಯಿ ಯುದ್ಧ ಬಯಸುವವರಿಗೂ ಒದಗುತ್ತದೆ. ಮೊದಲ ಮಾತು ಅಸ್ಪಷ್ಟವಾಗಿ ಉಳಿದಿದ್ದರೆ ಮಾತ್ರ ಈ ತಿರುವು ಪ್ರೇಕ್ಷಕರನ್ನು ತಟ್ಟುತ್ತದೆ.

ಇದೇ ಎಚ್ಚರ ಅಮೆರಿಕದ ವಿದೇಶಾಂಗ ಇಲಾಖೆಯ ಸಹಾಯಕಿ ಲೀಸಾ ವೆಲ್ಡ್ ಬರೆದ ಟಿಪ್ಪಣಿಗೂ ಬೇಕು. ಯುದ್ಧದ ಪರ, ವಿರೋಧ ಎರಡನ್ನೂ ತೂಗಿದ್ದ ಆ ಬರಹದಿಂದ ವಿರೋಧದ ವಾದಗಳನ್ನು ಅಳಿಸಿ, ಉಳಿದದ್ದನ್ನು ಗುಪ್ತಚರ ಮಾಹಿತಿಯೆಂದು ಮುಂದಿಡುತ್ತಾರೆ. ಅಲ್ಲಿ ನಮ್ಮ ಕಚೇರಿಗಳ ಕಡತದ ಕನ್ನಡವನ್ನೇ ಬಳಸಿ. ‘ಪರಿಶೀಲಿಸಲಾಗಿದೆ’, ‘ತಿಳಿದುಬಂದಿರುತ್ತದೆ’ ಎಂಬ ಕ್ರಿಯಾಪದಗಳಲ್ಲಿ ಮಾಡಿದವರು ಯಾರೆಂಬುದೇ ಕಾಣುವುದಿಲ್ಲ.

ಉತ್ತರ 2 (ಚಿಕ್ಕಬಳ್ಳಾಪುರದಿಂದ)

ವೇಗದ ಬಗ್ಗೆ ನನ್ನದೊಂದು ಮಾತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ನೋಡಿ ನಕ್ಕ ಜನ ನಾವು, ಅಂದಂದಿನ ರಾಜಕಾರಣವನ್ನು ಅವರು ಮಾತಿನ ಮಳೆಯಲ್ಲಿ ತೋಯಿಸುತ್ತಿದ್ದಾಗ ಯಾರಿಗೂ ಅರ್ಥವಾಗದೆ ಹೋಗಲಿಲ್ಲ. ಆದರೆ ಅದು ಕಿವಿಗೆ ಬೀಳುವ ಮಾತು, ಇದು ಕಣ್ಣು ಓದಬೇಕಾದ ಸಾಲು. ಆದ್ದರಿಂದ ಪ್ರತಿ ಮಾತನ್ನೂ ಅನುವಾದಿಸಲು ಹೋಗಬೇಡಿ. ಒಮ್ಮೆಗೆ ಎರಡು ಸಾಲು ಮೀರದಿರಲಿ, ಮತ್ತು ನಗು ಯಾವ ಪದದಲ್ಲಿ ಸಿಡಿಯುತ್ತದೆಯೋ ಆ ಪದ ಕೊನೆಗೇ ಬರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಕಷ್ಟವೆನಿಸಿದರೂ ದಾರಿಯಿದೆ. ಜೇಮ್ಸ್ ಗ್ಯಾಂಡಾಲ್ಫಿನಿ ಅಭಿನಯಿಸಿದ ಸೇನಾಧಿಕಾರಿ ಮಗುವಿನ ಆಟಿಕೆ ಕ್ಯಾಲ್ಕುಲೇಟರ್‌ನಲ್ಲಿ ಸೈನಿಕರ ಲೆಕ್ಕ ಹಾಕುವ ದೃಶ್ಯದಲ್ಲಿ ‘12,000 ಸೈನಿಕರು ಇದ್ದಾರೆ’ ಎನ್ನುವ ಬದಲು ‘ಇರುವ ಸೈನಿಕರು 12,000’ ಎಂದು ಬರೆಯಿರಿ. ಸಂಖ್ಯೆ ಬೀಳಬೇಕಾದಲ್ಲಿ ಬೀಳುತ್ತದೆ.

ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿ, ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ. ಇಲ್ಲವಾದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳೇ ಮೂಡುತ್ತವೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಅಂತರವನ್ನೂ ಹೆಚ್ಚಿಸಿ.

ಬೈಗುಳದ ವಿಷಯಕ್ಕೆ ಬಂದರೆ, ಮಾಲ್ಕಮ್ ಪಾತ್ರಧಾರಿ ಪೀಟರ್ ಕಪಾಲ್ಡಿ ಗ್ಲಾಸ್ಗೋದವರು. ಲಂಡನ್ನಿನ ಅಧಿಕಾರಿಗಳ ನಡುವೆ ಆ ಸ್ಕಾಟಿಷ್ ಉಚ್ಚಾರ ಎದ್ದು ಕೇಳಿಸುತ್ತದೆ. ಅವನಿಗೆ ನಮ್ಮ ಕಡೆಯ, ತೆಲುಗು ಬೆರೆತ ಮಾತನ್ನೇ ಕೊಡಬಹುದಲ್ಲವೇ?

ಉತ್ತರ 3 (ಕೋಲಾರದಿಂದ, ಮತ್ತೆ)

ಈ ಸಲಹೆಯನ್ನು ನಾನು ಒಪ್ಪಲಾರೆ. ನಮ್ಮ ಮನೆಗಳ ಪ್ರೀತಿಯ ಮಾತನ್ನು ಇಡೀ ಚಿತ್ರದಲ್ಲಿ ಬೈಯುವವನೊಬ್ಬನ ಬಾಯಲ್ಲೇ ಇಟ್ಟರೆ, ಬೇರೆ ಕಡೆಯವರು ಆ ನುಡಿಯನ್ನೇ ಒರಟೆಂದು ಭಾವಿಸುತ್ತಾರೆ. ಕನ್ನಡದ ಬೈಗುಳಗಳಲ್ಲಿ ಬಹುಪಾಲು ಜಾತಿಗೆ, ತಾಯಿಗೆ, ಅಂಗವೈಕಲ್ಯಕ್ಕೆ ತಾಗುತ್ತವೆ. ಅವುಗಳನ್ನು ತಂದರೆ ಮೂಲದಲ್ಲಿಲ್ಲದ ಗಾಯವೊಂದನ್ನು ನಾವೇ ಸೇರಿಸಿದಂತಾಗುತ್ತದೆ. ಮಾಲ್ಕಮ್‌ನ ಬೈಗುಳದ ಬಲ ಹೆಚ್ಚಾಗಿ ಹೊಸ ಹೊಸ ಹೋಲಿಕೆಗಳಲ್ಲಿದೆ. ಹೋಲಿಕೆಯನ್ನು ಪೂರ್ತಿ ಉಳಿಸಿ, ಹಸಿ ಪದವಿದ್ದಲ್ಲಿ ‘ದಂಡಪಿಂಡ’, ‘ಶತಮೂರ್ಖ’ ಎಂಬಂಥ ಮಾತು ಬಳಸಿದರೆ ಹಿರಿಯರೊಂದಿಗೆ ಕುಳಿತು ನೋಡಲು ಮುಜುಗರವಾಗದು, ಸಿಟ್ಟೂ ಸಪ್ಪೆಯಾಗದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ‘ಊಹೆಗೆ ನಿಲುಕದ್ದು’ ಎಂಬುದನ್ನು ಹಾಕಿ ಮೊದಲ ಇಪ್ಪತ್ತು ನಿಮಿಷವನ್ನು ನನ್ನ ತಂದೆಗೆ ತೋರಿಸಿದೆ. ಅವರು ನಿಲ್ಲಿಸಲು ಹೇಳಿ, ‘ಈತ ಯುದ್ಧ ಬೇಕು ಅಂದನೋ, ಬೇಡ ಅಂದನೋ?’ ಎಂದು ಕೇಳಿದರು. ಆ ಪದವನ್ನೇ ಉಳಿಸಿಕೊಂಡಿದ್ದೇನೆ. ಚಿತ್ರದಲ್ಲಿ ಯಾವ ದೇಶದ ಮೇಲೆ ಯುದ್ಧವೆಂದು ಎಲ್ಲಿಯೂ ಹೇಳುವುದಿಲ್ಲವಾದ್ದರಿಂದ 2003ರ ಇರಾಕ್ ಯುದ್ಧದ ವಿಚಾರವನ್ನು ಸಬ್‌ಟೈಟಲ್‌ನಲ್ಲಿ ತರದೆ, ಚಿತ್ರ ಮುಗಿದ ಮೇಲಿನ ಚರ್ಚೆಯಲ್ಲಿ ಪ್ರಸ್ತಾಪಿಸುತ್ತೇನೆ.